ಬ್ಯಾಟರಿ ತಿರುಗಿಸಿ ಇಟ್ಟರೆ ದಿಕ್ಕೂ ತಿರುಗುತ್ತದೆ: ನನ್ನ ಸರ್ವೆ ದೋಣಿಯ ಅನುಭವ

ಹೋದ ತಿಂಗಳು ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ನನ್ನ ದೋಣಿ ಹನ್ನೆರಡು ಸಲ ನೇರ ಹೋಗಿ ನೇರ ವಾಪಸ್ ಬಂತು. ಕಂಪಾಸ್ ತೋರಿಸಿದ ಹೋಗುವಾಗಿನ ದಿಕ್ಕಿಗೂ ಬರುವಾಗಿನ ದಿಕ್ಕಿಗೂ 180ರಿಂದ ಎರಡು-ಮೂರು ಡಿಗ್ರಿ ಆಚೀಚೆ, ಅಷ್ಟೇ. ವರ್ಷದ ಹಿಂದೆ ಇದೇ ಫರಕು 25 ಇತ್ತು.

ದೋಣಿ ನಾಲ್ಕು ಅಡಿಯದು, ಒಳಗೆ ಯಾರೂ ಕೂರುವುದಿಲ್ಲ. ಕೆರೆಯ ಆಳ ಅಳೆಯೋದು ಅದರ ಕೆಲಸ. ಹೂಳಿನ ಲೆಕ್ಕ ಬೇಕಾದವರು ಕರೆಯುತ್ತಾರೆ. ದಿಕ್ಕು ತಪ್ಪಿದರೆ ಗೆರೆ ಹಾವಿನ ಹಾಗೆ ಬರುತ್ತದೆ, ಆಳದ ನಕ್ಷೆ ಕೆಡುತ್ತದೆ. ಜಿಪಿಎಸ್ ಕೊಡುವ ದಿಕ್ಕು ಸಾಕಲ್ವಾ ಅಂತ ಕೇಳಬೇಡಿ. ನಿಧಾನ ಹೋಗುವಾಗ, ಅದರಲ್ಲೂ ಅಡ್ಡಗಾಳಿ ಬಂದಾಗ, ಅದನ್ನು ನಂಬಿದವರಿಗೆ ಗೊತ್ತು. ಅದಕ್ಕೇ ದೋಣಿಯಲ್ಲಿ ಎಲೆಕ್ಟ್ರಾನಿಕ್ ಕಂಪಾಸ್ ಇಟ್ಟಿದ್ದೇನೆ.

ಧಾರವಾಡದ ಗೆಳೆಯನೊಬ್ಬ ಇದೇ ಕೆಲಸ ಮಾಡುತ್ತಾನೆ. "ಕಂಪಾಸ್ ನಂಬಿ ಕೂಡಬ್ಯಾಡೋ, ಎರಡು ಆಂಟೆನಾದ ಜಿಪಿಎಸ್ ಹಾಕಿಬಿಡು" ಅಂದ. ಒಳ್ಳೆಯ ಸಲಹೆಯೇ, ಎರಡು ಆಂಟೆನಾ ಇದ್ದರೆ ನಿಂತಲ್ಲೂ ದಿಕ್ಕು ಸಿಗುತ್ತದೆ. ಆದರೆ ಆಗ ಅದಕ್ಕೆ ತುಂಬಾ ದುಡ್ಡು ಬೇಕಿತ್ತು. ನನ್ನ ಇಡೀ ದೋಣಿಗೇ ಅಷ್ಟು ಬಿದ್ದಿರಲಿಲ್ಲ.

ಮೊದಲ ಪೆಟ್ಟು ಕಂಪಾಸಿನ ಚಿಪ್‌ನಿಂದಲೇ ಬಿತ್ತು. ಎಚ್‌ಎಂಸಿ 5883 ಅಂತ ತರಿಸಿದ್ದು, ಬಂದದ್ದು ಅದನ್ನೇ ಹೋಲುವ ಕ್ಯೂಎಂಸಿ. ಪ್ರೋಗ್ರಾಮಿನಿಂದ ಅದನ್ನು ಕರೆಯುವ ವಿಳಾಸ ಬೇರೆ, ಅದು ಅಂಕಿಗಳನ್ನು ಇಡುವ ರಿಜಿಸ್ಟರ್ ಕ್ರಮವೂ ಬೇರೆ. ಅದು ತಿಳಿಯುವ ಹೊತ್ತಿಗೆ ಒಂದು ವಾರ ಹೋಗಿತ್ತು.

ಆಮೇಲೆ ಥ್ರಾಟಲ್ ಕೊಟ್ಟು ಮೋಟರ್ ವೇಗ ಏರಿಸಿದ ಕೂಡಲೇ ದಿಕ್ಕು 15-18 ಡಿಗ್ರಿ ಜರಗುತ್ತಿತ್ತು. ಎರಡೂ ಮೋಟರ್ ಸೇರಿ 20 ಆಂಪಿಯರ್ ಎಳೆಯುತ್ತವೆ. ಅಷ್ಟು ಕರೆಂಟ್ ಒಂಟಿ ವೈರಿನಲ್ಲಿ ಹರಿದರೆ 10 ಸೆಂಟಿಮೀಟರ್ ದೂರದಲ್ಲಿ 40 ಮೈಕ್ರೊಟೆಸ್ಲಾ ಕಾಂತಕ್ಷೇತ್ರ ಆಗುತ್ತದೆ. ನಮ್ಮ ಕಡೆ ಭೂಮಿಯದ್ದೂ ಹೆಚ್ಚುಕಡಿಮೆ ಅಷ್ಟೇ. ಒಂದರ ಕ್ಷೇತ್ರವನ್ನು ಇನ್ನೊಂದು ಕಳೆಯಲಿ ಅಂತ ಪ್ಲಸ್ಸು ಮೈನಸ್ಸು ಎರಡನ್ನೂ ಜಡೆ ಹೆಣೆದ ಹಾಗೆ ಬಿಗಿಯಾಗಿ ಹೊಸೆದೆ. ಐದಾರು ಡಿಗ್ರಿಗೆ ಇಳಿಯಿತು.

ಸ್ಕ್ರೂ ವಿಷಯಕ್ಕೂ ಒಂದು ದಿನ ಕೊಟ್ಟೆ. ಸ್ಟೇನ್‌ಲೆಸ್ ಅಂತ ಕೊಟ್ಟಿದ್ದನ್ನು ದಾರಕ್ಕೆ ಕಟ್ಟಿ ತೂಗುಹಾಕಿ, ಪಕ್ಕಕ್ಕೆ ಆಯಸ್ಕಾಂತ ಹಿಡಿದೆ. ಹತ್ತರಲ್ಲಿ ಆರು ಮೆಲ್ಲಗೆ ವಾಲಿದವು. ಎಲ್ಲ ತೆಗೆದು ಹಿತ್ತಾಳೆಯವು ಹಾಕಿದೆ.

ಇಷ್ಟಾದರೂ ಇವತ್ತು ಸರಿ, ನಾಳೆ 10 ಡಿಗ್ರಿ ತಪ್ಪು. ಕ್ಯಾಲಿಬ್ರೇಷನ್ (ಕಂಪಾಸಿನ ತಪ್ಪನ್ನು ಅಳೆದು ತಿದ್ದುವುದು) ಮಾಡಿದ ಸಂಜೆ ಚೆನ್ನಾಗಿರುತ್ತಿತ್ತು, ಬೆಳಿಗ್ಗೆ ಹೊತ್ತೊಯ್ದರೆ ಕೆಟ್ಟಿರುತ್ತಿತ್ತು. ತಾರಸಿಯ ಸ್ಲ್ಯಾಬಿನ ಕಬ್ಬಿಣ ಅಂದುಕೊಂಡೆ. ಕೆರೆ ಏರಿಯ ಗ್ರಿಲ್ ಅಂದುಕೊಂಡೆ. ಕುಂದಗೋಳದ ಹತ್ತಿರ ಮಾವನ ಹೊಲಕ್ಕೆ ಒಯ್ದು, ಪ್ಲಾಸ್ಟಿಕ್ ಡ್ರಮ್ ಬೋರಲು ಹಾಕಿ, ಪ್ಲೈವುಡ್ ಮೇಲೆ 30 ಡಿಗ್ರಿಗೊಂದು ಗೆರೆ ಎಳೆದು, ಇಡೀ ದೋಣಿಯನ್ನು ಅದರ ಮೇಲೆ ತಿರುಗಿಸಿದೆ. ಹನ್ನೆರಡು ರೀಡಿಂಗ್, ಚೊಕ್ಕ. ಮರುದಿನ ಅದೇ ಡ್ರಮ್ಮಿನ ಮೇಲೆ ಮತ್ತೆ ಅಡ್ಡಾದಿಡ್ಡಿ.

ಅವತ್ತು ಅಂಗಡಿಯ ಹುಡುಗ ಜೊತೆಗಿದ್ದ. ಮುಚ್ಚಳ ತೆಗೆದು ಇಣುಕಿ ಹೇಳಿದ: "ಅಣ್ಣಾ, ನಿನ್ನೆ ಬ್ಯಾಟರಿ ವಾಯರ್ ಹಿಂದಿತ್ರೀ, ಇವತ್ತ ಮುಂದ ಬಂದೈತಿ."

ಅದೇ ಕಳ್ಳ. ದುಡ್ಡು ಉಳಿಸಲು 18650 ಎಂಬ ಉರುಟು ಲಿಥಿಯಂ ಸೆಲ್ ಸೇರಿಸಿ ಪ್ಯಾಕ್ ನಾನೇ ಕಟ್ಟಿದ್ದೆ. ಆ ಸೆಲ್ಲಿನ ಡಬ್ಬಿ ಉಕ್ಕಿನದು. ಚಾರ್ಜ್ ಮಾಡಿ ವಾಪಸ್ ಇಡುವಾಗ ಒಂದು ದಿನ ಹೀಗೆ, ಒಂದು ದಿನ ಹಾಗೆ ಇಡುತ್ತಿದ್ದೆ. ಅವತ್ತೇ ಪ್ಯಾಕನ್ನು ತಿರುಗಿಸಿ ತಿರುಗಿಸಿ ಇಟ್ಟು ನೋಡಿದೆ. ಪ್ರತಿ ಸಲ ಒಂಬತ್ತು-ಹತ್ತು ಡಿಗ್ರಿ ಕುಣಿಯಿತು. ಆ ಹುಡುಗನಿಗೆ ಅವತ್ತು ಸಾವಜಿ ಊಟ ಕೊಡಿಸಿದೆ.

ಪ್ಯಾಕಿನ ಒಂದು ತುದಿಗೂ ಪೆಟ್ಟಿಗೆಯ ಅದೇ ಬದಿಗೂ ಕೆಂಪು ಬಣ್ಣ ಬಳಿದೆ. ಅಲುಗಾಡದಂತೆ ಸುತ್ತ ಥರ್ಮಾಕೋಲ್ ಕೊರೆದು ಕೂರಿಸಿದೆ. ಕಂಪಾಸನ್ನು ಪಿವಿಸಿ ಪೈಪಿನ ತುದಿಗೆ, 60 ಸೆಂಟಿಮೀಟರ್ ಮೇಲಕ್ಕೆ ಏರಿಸಿದೆ. ದೂರ ಎರಡರಷ್ಟಾದರೆ ಇಂಥ ಕಬ್ಬಿಣದ ಎಳೆತ ಸುಮಾರು ಎಂಟನೇ ಒಂದಕ್ಕೆ ಇಳಿಯುತ್ತದೆ. ಪೈಪಿಗೆ ನೂರು ರೂಪಾಯಿ ಆಗಿರಬಹುದು. ಎಲ್ಲ ಸೇರಿ 1,800 ದಾಟಲಿಲ್ಲ.

ಉದ್ದ ವೈರಿನಲ್ಲಿ ಐ ಸ್ಕ್ವೇರ್ ಸಿ, ಅಂದರೆ ಕಂಪಾಸಿನ ರೀಡಿಂಗನ್ನು ಕಂಟ್ರೋಲರಿಗೆ ತಲುಪಿಸುವ ಸಂಪರ್ಕ, ಆಗಾಗ ನಿಂತುಹೋಗುತ್ತಿತ್ತು. ಅದನ್ನೂ ಗೆದ್ದೆ. ಯಾವ ವೈರು, ಪುಲ್-ಅಪ್ ರೆಸಿಸ್ಟರ್ ಎಷ್ಟು ಅನ್ನೋದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಉಳಿದ ಥ್ರಾಟಲ್ ಜರಗನ್ನು ತೆಗೆದ ಲೆಕ್ಕವೂ ಅಷ್ಟೇ, ಅದು ನನ್ನ ಅನ್ನದ ವಿಷಯ.

ನಡುವೆ ಒಂದು ಬಜರ್ ಪರೀಕ್ಷೆಯೂ ಆಯಿತು. ಒಳಗೆ ಆಯಸ್ಕಾಂತವಿರುವ ಮ್ಯಾಗ್ನೆಟಿಕ್ ಬಜರನ್ನು ಒಂದು ಗೇಣು ದೂರ ಇಟ್ಟರೂ ದಿಕ್ಕು ಕದಲಿತು. ಆಯಸ್ಕಾಂತವಿಲ್ಲದ ಪಿಯೆಜೊ ಬಜರ್ ಹಾಕಿದೆ, ತಂಟೆ ಇಲ್ಲ. ಡೆಕ್ಲಿನೇಷನ್, ಅಂದರೆ ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ಫರಕಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಜಿಲ್ಲೆಗಳಲ್ಲಿ ಅದು ಒಂದೆರಡು ಡಿಗ್ರಿಯೊಳಗೇ ಇದೆ.

ಉಣಕಲ್ಲಿಗೆ ಗೆಳೆಯನೂ ಬಂದಿದ್ದ. ಲ್ಯಾಪ್‌ಟಾಪಿನಲ್ಲಿ ಗೆರೆಗಳನ್ನು ನೋಡಿದ, ಆಮೇಲೆ ಪೈಪಿನ ಬುಡವನ್ನು ಅಲುಗಾಡಿಸಿ ನೋಡಿದ. ಮಧ್ಯಾಹ್ನದ ಗಾಳಿಗೆ ಪೈಪು ಇನ್ನೂ ಸ್ವಲ್ಪ ಓಲಾಡುತ್ತದೆ, ಆಗ ರೀಡಿಂಗ್ ಒಂದು ಡಿಗ್ರಿ ನಡುಗುತ್ತದೆ. ಈ ವಾರ ಅದಕ್ಕೆ ಮೂರು ಕಡೆ ನೈಲಾನ್ ದಾರ ಬಿಗಿದಿದ್ದೇನೆ. ಮುಂದಿನ ಸರದಿ ಹಾವೇರಿಯ ಹೆಗ್ಗೇರಿ ಕೆರೆಯದ್ದು.