ಕತೆ ಕಳಿಸಿದ ಲೆಕ್ಕ: ವಖಾರಿಯ ಕಿರ್ದಿಯಿಂದ ಗೂಗಲ್ ಶೀಟಿಗೆ

ಪತ್ರಿಕೆಗಳಿಗೆ ಕತೆ ಕಳಿಸುವುದು ಹೇಗೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಕಳಿಸಿದ ಮೇಲೆ ಅದು ಎಲ್ಲಿದೆ, ಎಷ್ಟು ದಿನ ಕಾಯಬೇಕು, ದುಡ್ಡು ಬಂತೋ ಇಲ್ಲವೋ, ಈ ಲೆಕ್ಕದ ವಿಚಾರ ಮಾತ್ರ ಹೇಳುತ್ತೇನೆ. 2024ರ ಮಾರಿಕಾಂಬಾ ಜಾತ್ರೆ ಮುಗಿದ ಮೇಲೆ ಶುರು ಮಾಡಿದ ನನ್ನ ಶೀಟು ಮಳೆಗಾಲಗಳನ್ನೂ ದಾಟಿ ನಿಂತಿದೆ. "ಎಂತಕ್ಕೆ ತಂಗಿ ಇದೆಲ್ಲ? ಕತೆ ಬರೆಯೋ ಹೊತ್ತಲ್ಲಿ ಲೆಕ್ಕ ಬರೀತಾ ಕೂತ್ಯಲ್ಲ" ಎಂದಿದ್ದ ಕುಮಟೆಯ ಹಿರಿಯ ಮಾಸ್ತರೊಬ್ಬರು ಹೋದ ದೀಪಾವಳಿಗೆ ಫೋನ್ ಮಾಡಿ ಅದರ ಪ್ರತಿ ಕೇಳಿದರು. ಆಗಲೇ ಇದನ್ನು ಬರೆಯಬೇಕು ಅಂದುಕೊಂಡೆ.

ನಾನು ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವಳು. ಕತೆ, ಪ್ರಬಂಧ, ಆಗೀಗ ಮಕ್ಕಳ ಪದ್ಯ ಎಲ್ಲ ಸೇರಿ ನಲವತ್ತರ ಹತ್ತಿರ ಬರಹಗಳಿವೆ. ಯಾವಾಗ ನೋಡಿದರೂ ಅದರಲ್ಲಿ ಹದಿನೈದೋ ಇಪ್ಪತ್ತೋ ಹೊರಗೆ ಎಲ್ಲೋ ಇರುತ್ತವೆ. ಕನ್ನಡದಲ್ಲಿ ಕಷ್ಟ ಏನೆಂದರೆ ಹೆಚ್ಚಿನ ಕಡೆಯಿಂದ "ಬೇಡ" ಎಂಬ ಉತ್ತರ ಬರುವುದಿಲ್ಲ. ಅಂಚೆಯ ಕಾಲದಲ್ಲಿ ಸ್ವವಿಳಾಸದ ಲಕೋಟೆಗೆ ಸ್ಟಾಂಪು ಹಚ್ಚಿ ಇಟ್ಟರೆ ಹಸ್ತಪ್ರತಿಯಾದರೂ ವಾಪಸು ಬರುತ್ತಿತ್ತು, ಅದೇ ಉತ್ತರ. ಈಗ ಮೇಲ್ ಹೋಗುತ್ತದೆ, ಆಮೇಲೆ ಸುದ್ದಿಯಿಲ್ಲ. ಒಂದೇ ಕತೆಯನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವ ಹಾಗೂ ಇಲ್ಲ. ಎಷ್ಟೋ ಒಳ್ಳೆಯ ಕತೆಗಳು ಹೀಗೆ ವರ್ಷಗಟ್ಟಲೆ ಒಬ್ಬರ ಇನ್‌ಬಾಕ್ಸಿನಲ್ಲಿ ಕೂತು ಹಳತಾಗುತ್ತವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಮೊದಲು ಸಿದ್ಧ ಸಾಮಾನುಗಳನ್ನೇ ನೋಡಿದೆ. ಕಳಿಸಿದ ಬರಹಗಳ ಲೆಕ್ಕ ಇಡುವ ಡ್ಯುಯೊಟ್ರೋಪ್ ಎಂಬ ಜಾಲತಾಣ 2005ರಿಂದ ಇದೆ, 2013ರಿಂದ ದುಡ್ಡು ಕೊಟ್ಟು ಬಳಸಬೇಕು. ತಿಂಗಳಿಗೆ ಐದು ಡಾಲರ್, ವರ್ಷಕ್ಕಾದರೆ ಐವತ್ತು. ಒಂದು ತಿಂಗಳು ಕಟ್ಟಿದೆ, ಬ್ಯಾಂಕಿನ ಕಡಿತವೂ ಸೇರಿ ನಾನೂರೈವತ್ತರ ಹತ್ತಿರ ಹೋಯಿತು. ಅದು ಹಣ ಕೇಳತೊಡಗಿದ ವರ್ಷವೇ ಹುಟ್ಟಿದ್ದು ಸಬ್ಮಿಷನ್ ಗ್ರೈಂಡರ್, ಅದು ಪುಕ್ಕಟೆ. ಎರಡರಲ್ಲೂ ಬರಹಗಾರರು ತಮ್ಮ ಕತೆ ಎಷ್ಟು ದಿನಕ್ಕೆ ವಾಪಸು ಬಂತು ಎಂದು ತುಂಬುತ್ತಾರೆ, ಅದರಿಂದ ಆಯಾ ಪತ್ರಿಕೆಯ ಸರಾಸರಿ ಕಾಯುವ ಅವಧಿ ಸಿಗುತ್ತದೆ. ಈ ವಿಚಾರ ನನಗೆ ಬಹಳ ಹಿಡಿಸಿತು. ಆದರೆ ನಾನು ಕಳಿಸುವ ಕನ್ನಡ ಪತ್ರಿಕೆಗಳನ್ನು ಅಲ್ಲಿ ಹುಡುಕಿದರೆ ಒಂದೂ ಸಿಗಲಿಲ್ಲ. ಸಬ್ಮಿಟೆಬಲ್ ಬೇರೆಯದೇ ಜಾತಿ, ಅದು ಬರಹ ತೆಗೆದುಕೊಳ್ಳಲು ಪತ್ರಿಕೆಯವರು ನೆಟ್ಟಿನಲ್ಲಿ ಇಟ್ಟುಕೊಳ್ಳುವ ಕಿಟಕಿ. ನಾವು ಅಲ್ಲಿ ಹಾಕಿದ್ದು ಬಾಕಿ ಇದೆಯೋ ತಿರಸ್ಕೃತವೋ ಅಂತ ತೋರಿಸುತ್ತದೆ, ಆದರೆ ಅದರ ಮೂಲಕ ಕಳಿಸಿದ್ದಕ್ಕೆ ಮಾತ್ರ. ನಮ್ಮ ಸಂಪಾದಕರು ಮೇಲ್‌ನಲ್ಲಿ, ಕೆಲವರು ವಾಟ್ಸಾಪಿನಲ್ಲಿ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ ಆ ದಾರಿ ಮುಗಿಯಿತು.

ಆಮೇಲೆ ದೊಡ್ಡ ಖರ್ಚು. ಕಂಪ್ಯೂಟರ್ ಓದಿದ ಹುಡುಗನೊಬ್ಬ ಮೊಬೈಲ್ ಆಪ್ ಮಾಡಿಕೊಡುತ್ತೇನೆ, ಇಪ್ಪತ್ತೈದು ಸಾವಿರ ಆಗುತ್ತದೆ ಅಂದ. ಆರು ಸಾವಿರ ಮುಂಗಡ ಕೊಟ್ಟೆ. ನಾಲ್ಕು ತಿಂಗಳಿಗೆ ಬಂದ ಆಪ್‌ನಲ್ಲಿ ಬಣ್ಣ ಚೆನ್ನಾಗಿತ್ತು, ಕನ್ನಡ ಹೆಸರು ಹಾಕಿ ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ನನ್ನ ಆಪ್ ಅಲ್ಲಿಗೇ ನಿಂತಿತು. ಮನೆಯಲ್ಲಿ "ಆ ದುಡ್ಡಲ್ಲಿ ಎರಡು ವರ್ಷದ ಪತ್ರಿಕೆ ಚಂದಾ ಕಟ್ಟಬಹುದಿತ್ತು" ಅಂದರು. ಮಾತು ನಿಜ. ಆದರೂ ನಾನು ಬಿಡಲಿಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ದಿನಾ ನನ್ನ ಕೈಯಲ್ಲೇ ಇರುವ ಪುಸ್ತಕದಲ್ಲಿ. ವಖಾರಿಯಲ್ಲಿ ಕಿರ್ದಿ ಬೇರೆ, ಖತಾವಣಿ ಬೇರೆ. ಆ ದಿನ ನಡೆದದ್ದು ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತದೆ, ಒಬ್ಬೊಬ್ಬರ ಹೆಸರಿನ ಲೆಕ್ಕ ಖತಾವಣಿಗೆ. ಬರಹಗಾರರು ಇಟ್ಟುಕೊಳ್ಳುವ ಪಟ್ಟಿಗಳನ್ನೆಲ್ಲ ನೋಡಿದ್ದೇನೆ, ಎಲ್ಲರೂ ಕತೆಗೊಂದು ಸಾಲು ಇಟ್ಟು ಬಲಗಡೆಗೆ ಮೊದಲ ಪತ್ರಿಕೆ, ಎರಡನೇ ಪತ್ರಿಕೆ ಅಂತ ಬೆಳೆಸುತ್ತಾ ಹೋಗುತ್ತಾರೆ. ಮೂರನೇ ಸಲ ಕಳಿಸುವ ಹೊತ್ತಿಗೆ ಶೀಟು ಅಡ್ಡಕ್ಕೆ ಹರಿದು ಹೋಗಿ ಯಾವ ತಾರೀಕು ಯಾವುದಕ್ಕೆ ಅಂತ ತಿಳಿಯುವುದಿಲ್ಲ. ನನ್ನದರಲ್ಲಿ ಸಾಲು ಕತೆಗಲ್ಲ, ಕಳಿಸಿದ ಪ್ರತಿ ಸಲಕ್ಕೆ. ಅದೇ ಕತೆ ಐದು ಕಡೆ ಹೋಗಿ ಬಂದರೆ ಐದು ಸಾಲು. ಗೂಗಲ್ ಶೀಟಿನಲ್ಲಿ ಮೂರು ಪುಟ: ಕಿರ್ದಿ, ಕೃತಿ, ಪತ್ರಿಕೆ. ಒಂದು ಕತೆಯ ಜಾತಕ ಬೇಕಾದರೆ ಕಿರ್ದಿಯನ್ನು ಅದರ ಸಂಖ್ಯೆಗೆ ಫಿಲ್ಟರ್ ಮಾಡಿದರೆ ಖತಾವಣಿ ತಾನಾಗೇ ಬಂತು. ಪತ್ರಿಕೆಯ ಸಂಖ್ಯೆಗೆ ಫಿಲ್ಟರ್ ಮಾಡಿದರೆ ಆ ಸಂಪಾದಕರ ಜೊತೆಗಿನ ನನ್ನ ಪೂರ್ತಿ ವ್ಯವಹಾರ.

ಸಂಖ್ಯೆ ಅಂದೆನಲ್ಲ, ಅದನ್ನು ಯಾರೂ ಬಿಡಬೇಡಿ. ಪ್ರತಿ ಬರಹಕ್ಕೂ ಹುಟ್ಟಿದ ದಿನವೇ ಒಂದು ಅಂಕಿ: ಕ-14, ಪ್ರ-6. ಶೀರ್ಷಿಕೆಯನ್ನು ನಂಬಿದರೆ ಕೆಟ್ಟಿತು. ಒಂದು, ಸ್ಪರ್ಧೆಗೆ ಕಳಿಸುವಾಗ ನಾವೇ ಹೆಸರು ಬದಲಿಸುತ್ತೇವೆ. ಇನ್ನೊಂದು, ಕನ್ನಡ ಲಿಪಿಯದೇ ತೊಡಕು. ಫೋನಿನ ಕೀಲಿಮಣೆಯಲ್ಲಿ ಹೊಡೆದ ಪದವೂ ಲ್ಯಾಪ್‌ಟಾಪಿನ ನುಡಿ ತಂತ್ರಾಂಶದಲ್ಲಿ ಹೊಡೆದ ಅದೇ ಪದವೂ ಕಣ್ಣಿಗೆ ಒಂದೇ ಥರ ಕಾಣುತ್ತವೆ, ಶೀಟು ಬೇರೆ ಬೇರೆ ಅನ್ನುತ್ತದೆ. ಅರ್ಧಾಕ್ಷರ ಬಿಡಿಸಲು ನಡುವೆ ಕೂರುವ ಕಾಣದ ಅಕ್ಷರವೇ ಹೆಚ್ಚಾಗಿ ಅದಕ್ಕೆ ಕಾರಣ, ಯೂನಿಕೋಡಿನಲ್ಲಿ ಅದರ ಸಂಖ್ಯೆ 8204. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ ಯುನಿಚಾರ್ 8204 ಕೊಟ್ಟು ಖಾಲಿ ಮಾಡಿದರೆ ಹುಡುಕಾಟ ಸರಿಹೋಗುತ್ತದೆ. ಆ ಆರು ಸಾವಿರದ ಆಪ್‌ನಲ್ಲಿ ಹೆಸರು ಸಿಗದೇ ಇದ್ದದ್ದೂ ಇದೇ ಕಾರಣಕ್ಕಿರಬೇಕು ಅಂತ ನನ್ನ ಅಂದಾಜು. ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡಿಗೂ ಮೊದಲಿನ ಅಕ್ಷರ ಪದ್ಧತಿ) ಕಡತದಿಂದ ಹೆಸರು ತಂದು ಅಂಟಿಸಿದರೆ ಬರೇ ಇಂಗ್ಲಿಷ್ ಚಿಹ್ನೆಗಳು ಬೀಳುತ್ತವೆ, ಮೊದಲು ಪರಿವರ್ತಿಸಿಕೊಳ್ಳಿ. ಪತ್ರಿಕೆ ಪುಟದಲ್ಲಿ "ರೂಪ" ಎಂಬ ಕಾಲಂ ಇಟ್ಟಿದ್ದೇನೆ, ಯಾರಿಗೆ ಆಸ್ಕಿ ಬೇಕು, ಯಾರಿಗೆ ಯೂನಿಕೋಡ್, ಯಾರಿಗೆ ಪಿಡಿಎಫ್ ಕೂಡ ಬೇಕು ಅಂತ.

ತಾರೀಕಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. ಶೀಟಿನ ಸೆಟ್ಟಿಂಗಿನಲ್ಲಿ ಲೊಕೇಲ್, ಅಂದರೆ ಯಾವ ದೇಶದ ರೂಢಿ ಎಂಬುದು, ಅಮೆರಿಕದ್ದಾಗಿದ್ದರೆ 05/08 ಅಂದರೆ ಮೇ 8 ಆಗುತ್ತದೆ, 13/08 ಅಂದರೆ ತಾರೀಕೇ ಅಲ್ಲ ಎಂದು ಬರೀ ಪಠ್ಯವಾಗಿ ಕೂರುತ್ತದೆ. ಭಾರತಕ್ಕೆ ಬದಲಿಸಿ. ಕನ್ನಡ ಅಂಕಿಗಳಲ್ಲಿ ತಾರೀಕು ಬರೆದರೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ಮುದ್ದತು, ಅಂದರೆ ಗಡುವು. ಇಡೀ ಪದ್ಧತಿಯ ಜೀವ ಇದರಲ್ಲಿದೆ, ಎಲ್ಲರೂ ಅನುಮಾನಪಟ್ಟದ್ದೂ ಇದನ್ನೇ. ಸೊಸೈಟಿ ಸಾಲಕ್ಕೆ ಮುದ್ದತು ಇರುವ ಹಾಗೆ ಪ್ರತಿ ಕತೆಗೂ ಕಳಿಸುವ ದಿನವೇ ಒಂದು ಮುದ್ದತು ಬರೆದುಬಿಡುತ್ತೇನೆ. ವಾರಪತ್ರಿಕೆಗೆ, ಭಾನುವಾರದ ಪುರವಣಿಗೆ ಸುಮಾರು ಮೂರು ತಿಂಗಳು. ಮಾಸಿಕಕ್ಕೆ ಐದು. ಸಣ್ಣ ಸಾಹಿತ್ಯ ಪತ್ರಿಕೆಗೆ ಆರೇಳು, ಅವರು ಕೈಯಿಂದ ದುಡ್ಡು ಹಾಕಿ ನಡೆಸುವವರು, ಅಷ್ಟು ಕೊಡಲೇಬೇಕು. ದೀಪಾವಳಿ, ಯುಗಾದಿ ಸ್ಪರ್ಧೆಗಳಿಗೆ ಫಲಿತಾಂಶ ಬಂದ ಮಾರನೇ ದಿನವೇ ಮುದ್ದತು. ಅವಧಿ ದಾಟಿತೋ, ನಾಲ್ಕು ಸಾಲಿನ ವಿನಯದ ಮೇಲ್: ಇಂಥ ದಿನ ಕಳಿಸಿದ್ದೆ, ಪರಿಶೀಲನೆಯಲ್ಲಿದ್ದರೆ ತಿಳಿಸಿ, ಇಲ್ಲದಿದ್ದರೆ ಹತ್ತು ದಿನದ ನಂತರ ಹಿಂಪಡೆದುಕೊಂಡಿದ್ದೇನೆ ಎಂದು ತಿಳಿಯಿರಿ.

"ಹಿಂಗೆಲ್ಲ ಬರದ್ರೆ ಸಂಪಾದಕರು ಸಿಟ್ಟಾಗ್ತಾರೆ, ನಿನ್ನ ಹೆಸರು ಕಂಡ್ರೆ ಪಕ್ಕಕ್ಕಿಡ್ತಾರೆ ಮಾರಾಯ್ತಿ" ಎಂದು ನಮ್ಮ ಬರಹಗಾರರ ಬಳಗದ ಅಕ್ಕ ಒಬ್ಬರು ಹೆದರಿಸಿದ್ದರು. ನಡೆದದ್ದು ತದ್ವಿರುದ್ಧ. ಮೊದಲ ವರ್ಷ ಇಂಥ ಮೇಲ್ ಇಪ್ಪತ್ತೈದು ಮೂವತ್ತು ಕಳಿಸಿರಬಹುದು. ಅರ್ಧದಷ್ಟಕ್ಕೆ ಉತ್ತರವೇ ಇಲ್ಲ, ಸರಿ, ಕತೆ ಮುಂದಕ್ಕೆ ಹೊರಟಿತು. ಏಳೆಂಟಕ್ಕೆ "ಬೇಡ" ಎಂದು ಬಂತು, ಅದೂ ಲಾಭವೇ. ಐದಾರಕ್ಕೆ ಎರಡೇ ದಿನದಲ್ಲಿ "ತೆಗೆದಿಟ್ಟಿದ್ದೇವೆ, ಬೇರೆ ಕಡೆ ಕಳಿಸಬೇಡಿ" ಎಂಬ ಉತ್ತರ. ಒಬ್ಬ ಸಂಪಾದಕರು ಫೋನ್ ಮಾಡಿ, ಹೀಗೆ ತಾರೀಕು ಸಮೇತ ಬರೆದರೆ ಹುಡುಕಲು ಸುಲಭ ಆಗುತ್ತದೆ ಎಂದೂ ಹೇಳಿದರು. ಮೊದಲೆಲ್ಲ ವರ್ಷಕ್ಕೆ ಎರಡೋ ಮೂರೋ ಪ್ರಕಟವಾಗುತ್ತಿದ್ದದ್ದು ಈಗ ಒಂಬತ್ತು ಹತ್ತಕ್ಕೆ ಬಂದಿದೆ. ಬರೆಯುವುದೇನೂ ನಾನು ಹೆಚ್ಚು ಮಾಡಿಲ್ಲ.

ಆ ನಾಲ್ಕು ಸಾಲನ್ನು ಯಾವ ಕ್ರಮದಲ್ಲಿ ಬರೆಯುತ್ತೇನೆ, ವಾರದ ಯಾವ ದಿನ ಕಳಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಷ್ಟನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮುದ್ದತು ದಾಟಿದ ಸಾಲು ಕೆಂಪಾಗುವ ಹಾಗೆ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿದ್ದು ಎಲ್ಲರಿಗೂ ಗೊತ್ತಿರುವುದೇ. ಅದರ ಮೇಲೆ ಗೂಗಲಿನ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಮೂವತ್ತು ಸಾಲಿನ ಒಂದು ಕೋಡು, ಬೆಳಿಗ್ಗೆ ಆರಕ್ಕೆ ತಾನಾಗಿ ಓಡಿ, ಫಲದ (ಬಂದ ಉತ್ತರದ) ಕಾಲಂ ಖಾಲಿ ಇದ್ದು ಮುದ್ದತು ದಾಟಿದ್ದನ್ನು ನನಗೆ ಮೇಲ್ ಮಾಡುತ್ತದೆ. ಮಾಮೂಲಿ ಜಿಮೇಲ್ ಖಾತೆಯಿಂದ ದಿನಕ್ಕೆ ನೂರು ಜನರಿಗೆ ಹೀಗೆ ಕಳಿಸಲು ಬಿಡುತ್ತಾರೆ, ನಮ್ಮ ಬಳಗಕ್ಕೆಲ್ಲ ಅದು ಧಾರಾಳ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಮೂರು ಮೂರು ದಿನ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಭಾನುವಾರ ಶೀಟನ್ನು ಇಳಿಸಿಕೊಂಡು ಲಿಬ್ರೆ ಆಫೀಸಿನ ಕ್ಯಾಲ್ಕ್‌ನಲ್ಲಿ ಇಡುತ್ತೇನೆ, ಅಲ್ಲೇ ಬರೆದು ನೆಟ್ ಬಂದ ಮೇಲೆ ಹೊಸ ಸಾಲುಗಳನ್ನು ಮಾತ್ರ ಗೂಗಲ್ ಶೀಟಿಗೆ ಅಂಟಿಸುತ್ತೇನೆ. ಕಿರ್ದಿಯ ಹಾಗೆ ಸಾಲು ಕೆಳಗೆ ಬೆಳೆಯುತ್ತಾ ಹೋಗುವುದರಿಂದ ಈ ಜೋಡಣೆ ಐದು ನಿಮಿಷದ ಕೆಲಸ.

ದುಡ್ಡಿನ ಮಾತಿಗೆ ಬರುತ್ತೇನೆ. ಕಿರ್ದಿಯ ಕೊನೆಯಲ್ಲಿ ಎರಡು ಕಾಲಂ: ಬರಬೇಕಾದ ಗೌರವಧನ, ಬಂದದ್ದು. ನನಗೆ ಐನೂರರಿಂದ ಎರಡು ಸಾವಿರದವರೆಗೆ ಸಿಗುತ್ತದೆ, ಸ್ಪರ್ಧೆಯಾದರೆ ಹೆಚ್ಚು. ಇವೆರಡು ಕಾಲಂ ಕೂಡಿಸಿ ನೋಡಿದ ದಿನ ಬಾಕಿ ಒಂಬತ್ತು ಸಾವಿರದ ಮೇಲೆ ಇತ್ತು. ಒಂದೊಂದಾಗಿ ಕೇಳುತ್ತಾ ಹೋದೆ. ಹೆಚ್ಚಿನದಕ್ಕೆ ಕಾರಣ ಬ್ಯಾಂಕಿನ ಸಂಕೇತ! ನನ್ನ ಖಾತೆ ಇದ್ದದ್ದು ಸಿಂಡಿಕೇಟ್ ಬ್ಯಾಂಕಿನಲ್ಲಿ, ಅದು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, 2021ರ ಜುಲೈ 1ರಿಂದ ಹಳೆಯ ಐಎಫ್‌ಎಸ್‌ಸಿ ನಿಂತುಹೋಯಿತು. ಪತ್ರಿಕೆಗಳ ಲೆಕ್ಕ ವಿಭಾಗದಲ್ಲಿ ಬರಹಗಾರರ ವಿವರ ಹಳೆಯದೇ ಕೂತಿತ್ತು, ಹೊಸದನ್ನು ಕೊಟ್ಟರೂ ಹತ್ತಿರಲಿಲ್ಲ. ಹಾಕಿದ ಹಣ ವಾಪಸಾಗಿ ಅಲ್ಲೇ ಬಿದ್ದಿತ್ತು. ಆರೂವರೆ ಸಾವಿರದ ತನಕ ವಸೂಲಾಗಿದೆ. ಕರಾವಳಿಯಲ್ಲಿ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಖಾತೆ ಇದ್ದವರೇ ಬಹಳ. ಕಾರವಾರ, ಅಂಕೋಲಾ ಕಡೆಯ ಸ್ನೇಹಿತರೇ, ನಿಮ್ಮ ಹಳೆಯ ಗೌರವಧನಗಳನ್ನು ಇವತ್ತೇ ಒಮ್ಮೆ ತಾಳೆ ನೋಡಿ.

ಪ್ರಕಟವಾದದ್ದೇ ಗೊತ್ತಾಗದಿರುವುದು ಇನ್ನೊಂದು ನಷ್ಟ. ತಿಳಿಸದೇ ಹಾಕಿರುತ್ತಾರೆ, ಯಾರೋ ಹೊನ್ನಾವರದಿಂದ ಫೋನ್ ಮಾಡುವ ಹೊತ್ತಿಗೆ ಸಂಚಿಕೆ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮುಗಿದಿರುತ್ತದೆ. ಅಂಥದ್ದೇ ಒಂದು ಕತೆಯನ್ನು ಅಪ್ರಕಟಿತ ಎಂದು ಸ್ಪರ್ಧೆಗೆ ಕಳಿಸಿದರೆ ನಿಯಮ ಮೀರಿದ ಹಾಗಾಗುತ್ತದೆ. ಇದಕ್ಕೆ ಬಳಗದಲ್ಲೇ ಪತ್ರಿಕೆ ಹಂಚಿಕೊಂಡಿದ್ದೇವೆ: ಒಬ್ಬೊಬ್ಬರು ಎರಡು ಮೂರು ಪತ್ರಿಕೆಗಳ ಪುಟ ತಿರುವಿ, ನಮ್ಮವರ ಹೆಸರು ಕಂಡರೆ ಗೂಗಲ್ ಫಾರ್ಮ್‌ನಲ್ಲಿ ಹಾಕುವುದು. ಅದು ನೇರ ಶೀಟಿಗೆ ಬೀಳುತ್ತದೆ. ಈ ವ್ಯವಸ್ಥೆ ಬಂದ ಮೇಲೆ ನಮ್ಮಲ್ಲಿ ಯಾರ ಕತೆಯೂ ಎರಡು ಕಡೆ ಬಂದಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಆಪ್‌ಶೀಟ್‌ನಲ್ಲಿ ಇದೇ ಶೀಟನ್ನು ಫೋನಿನ ಆಪ್ ಮಾಡಿ ನೋಡಿದೆ, ಚೆನ್ನಾಗಿತ್ತು, ಆದರೆ ಬಳಗದ ಹಿರಿಯರಿಗೆ ಲಾಗಿನ್ ಮಾಡಿಸುವುದರಲ್ಲೇ ತಿಂಗಳು ಹೋಯಿತು. ಸಂಪಾದಕರು ಮೇಲ್ ತೆರೆದರೋ ಎಂದು ಹೇಳುವ ಜೋಡಣೆಯೊಂದನ್ನು ಎರಡು ವಾರ ಹಾಕಿ ತೆಗೆದೆ. ಕದ್ದು ನೋಡಿದ ಹಾಗಾಗುತ್ತದೆ, ನನಗೆ ಸರಿ ಕಾಣಲಿಲ್ಲ. ಅಂಚೆಯಲ್ಲೇ ಬೇಕು ಎನ್ನುವ ಪತ್ರಿಕೆಗಳಿಗೆ ಸ್ಪೀಡ್ ಪೋಸ್ಟಿನ ಹದಿಮೂರು ಅಕ್ಷರದ ಸಂಖ್ಯೆಯನ್ನು ಅದೇ ಸಾಲಿನಲ್ಲಿ ಬರೆದು ರಸೀದಿಯ ಫೋಟೋ ಕೊಂಡಿ ಹಾಕುತ್ತೇನೆ. ಧ್ವನಿಯಲ್ಲಿ ಸಾಲು ತುಂಬುವ ಪ್ರಯತ್ನ ಮಾತ್ರ ಅರ್ಧಕ್ಕೇ ಇದೆ, ನಮ್ಮ ಕಡೆಯ ಮಾತು ಅದಕ್ಕೆ ಇನ್ನೂ ಪೂರ್ತಿ ತಿಳಿಯುವುದಿಲ್ಲ.

ಆಕಾಶವಾಣಿಗೆ ಓದಿದ ಕತೆಗಳಿಗೆ ಬೇರೆ ಕಾಲಂ ಬೇಕು. ಎಷ್ಟೋ ಸ್ಪರ್ಧೆಗಳಲ್ಲಿ ಪ್ರಕಟವಾಗಿರಬಾರದು ಎನ್ನುವುದರ ಜೊತೆ ಪ್ರಸಾರವಾಗಿರಬಾರದು ಎಂದೂ ಇರುತ್ತದೆ. ಕಾರವಾರ ಕೇಂದ್ರಕ್ಕೆ ಹೋಗಿಬಂದವರು ಪ್ರಸಾರದ ದಿನವನ್ನು ಕೃತಿ ಪುಟದಲ್ಲಿ ಬರೆದುಕೊಳ್ಳಿ. ಫೇಸ್‌ಬುಕ್ಕಿನಲ್ಲಿ ಹಾಕಿದ್ದಕ್ಕೂ ಇದೇ ಮಾತು.

ಈ ವರ್ಷ ಸಂಕಲನ ಮಾಡುವಾಗ ಮೊದಲ ಪ್ರಕಟಣೆಯ ಪುಟ, ಅನುಮತಿ ಕೇಳಬೇಕಾದ ಸಂಪಾದಕರ ಪಟ್ಟಿ, ಎರಡೂ ಕಿರ್ದಿಯಿಂದ ಹತ್ತು ನಿಮಿಷದಲ್ಲಿ ಬಂದವು. ಪ್ರಕಾಶಕರು ಇಷ್ಟು ಬೇಗ ಹೇಗೆ ಎಂದು ಕೇಳಿದರು, ಶೀಟು ತೋರಿಸಿದೆ. ಖಾಲಿ ಪ್ರತಿ ಬೇಕಾದವರು ಕೇಳಿ, ಕೊಡುತ್ತೇನೆ. ಪತ್ರಿಕೆ ಪುಟದಲ್ಲಿ ಸಂಪಾದಕರ ಬಗ್ಗೆ ನಾನು ಬರೆದುಕೊಂಡ ಟಿಪ್ಪಣಿಯ ಕಾಲಂ ಅದರಲ್ಲಿ ಇರುವುದಿಲ್ಲ, ಮುದ್ದತಿನ ಅಂಕಿಗಳನ್ನೂ ನಿಮ್ಮ ಅನುಭವದಿಂದ ನೀವೇ ತುಂಬಿಕೊಳ್ಳಬೇಕು.