ಹಳೆ ಕಾರಿನ ಸ್ಪ್ರಿಂಗ್ ರಬ್ಬರ್: ಅಂಗಡಿಯಲ್ಲಿ ಸಿಗದಿದ್ದರೆ ಕೈಯಲ್ಲೇ ಮಾಡಿಕೊಳ್ಳುವ ಬಗೆ

ಕಾಯಿಲ್ ಸ್ಪ್ರಿಂಗಿನ ತಲೆಗೂ ಬಾಡಿಯ ತಗಡಿಗೂ ನಡುವೆ ಕೂರುವ ರಬ್ಬರ್ ಬಳೆಗೆ ಪುಸ್ತಕದಲ್ಲಿ ಐಸೋಲೇಟರ್ ಎಂದು ಹೆಸರು. ಗ್ಯಾರೇಜಿನಲ್ಲಿ ಅದು ಬರೀ ಸ್ಪ್ರಿಂಗ್ ರಬ್ಬರ್. ಉಕ್ಕು ಉಕ್ಕಿಗೆ ತಾಗದಂತೆ ನೋಡಿಕೊಳ್ಳುವುದು, ರಸ್ತೆಯ ಗುಯ್‌ಗುಟ್ಟುವಿಕೆ ಒಳಗೆ ಬರದಂತೆ ತಡೆಯುವುದು, ಬಾಡಿಯಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲಿನ (ಇದನ್ನೇ ಸೀಟು ಎನ್ನುವುದು) ಪೇಂಟ್ ಕಿತ್ತು ತುಕ್ಕು ಹಿಡಿಯದಂತೆ ಕಾಯುವುದು ಅದರ ಕೆಲಸ. ಇಪ್ಪತ್ತು ಮೂವತ್ತು ವರ್ಷಕ್ಕೆ ಅದು ಒಣಗಿ, ಸ್ಪ್ರಿಂಗಿನ ತಂತಿಯ ಅಚ್ಚು ಬಿದ್ದು, ಕೊನೆಗೆ ತುಂಡಾಗಿ ಉದುರುತ್ತದೆ.

ಇಲ್ಲಿ ಉದಾಹರಣೆಗೆ ಪ್ರೀಮಿಯರ್ 118ಎನ್‌ಇ ಕಾರಿನ ಹಿಂಬದಿಯನ್ನು ತೆಗೆದುಕೊಳ್ಳೋಣ. 1985ರಲ್ಲಿ ಬಂದ ಈ ಗಾಡಿಯ ಬಾಡಿ ಫಿಯೆಟ್ 124ರದ್ದು, ಎಂಜಿನ್ ನಿಸಾನ್ ಎ12. ಹಿಂದೆ ಗಟ್ಟಿ ಆಕ್ಸಲ್ (ಎರಡೂ ಗಾಲಿ ಜೋಡಿಸುವ ಒಂದೇ ಅಡ್ಡ ತೊಲೆ), ಅದರ ಮೇಲೆ ಎರಡು ಕಾಯಿಲ್ ಸ್ಪ್ರಿಂಗ್. ಹೀಗಾಗಿ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ, ಆಕ್ಸಲ್ ಇಳಿಸಿಯೇ ಸ್ಪ್ರಿಂಗ್ ತೆಗೆಯಬಹುದು. ಹಿಂದೆ ಕಾಯಿಲ್ ಸ್ಪ್ರಿಂಗ್ ಇರುವ ಮಾರುತಿ 800 ನಿಮ್ಮದಾದರೆ ಈ ಕಷ್ಟವೇ ಬೇಡ, ಅಂಗಡಿಯಲ್ಲಿ ಕೊಂಡುಬಿಡಿ. ಹಳೆಯ ಅಂಬಾಸಿಡರ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಹಿಂದೆ ಕಮಾನು ಪಟ್ಟಿ. ಅದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಒಂದು ಗೆರೆಯನ್ನು ಮಾತ್ರ ದಾಟಬೇಡಿ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದಾಗಿರುವ ಕಂಬ) ಮೇಲ್ತುದಿಯ ಮೌಂಟ್ ಕೂಡ ರಬ್ಬರೇ, ಆದರೆ ಅದು ಸ್ಪ್ರಿಂಗ್ ರಬ್ಬರ್ ಅಲ್ಲ. ಶಾಕ್ ಅಬ್ಸಾರ್ಬರಿನ ರಾಡ್ ಹಿಡಿದುಕೊಳ್ಳುವುದೇ ಅದು. ಕೈಯಲ್ಲಿ ಮಾಡಿದ್ದು ಹರಿದರೆ ರಾಡ್ ಮೇಲಕ್ಕೆ ನುಗ್ಗುತ್ತದೆ. ಅದನ್ನು ಎಂದಿಗೂ ಮನೆಯಲ್ಲಿ ಮಾಡಬೇಡಿ. ಬಳೆ ರಬ್ಬರಿನ ಮಾತು ಬೇರೆ: ಅದು ಕೆಟ್ಟರೆ ಸದ್ದು ಬರುತ್ತದೆ, ಗಾಡಿ ತುಸು ತಗ್ಗುತ್ತದೆ, ಅಷ್ಟೇ.

ಯಾವ ರಬ್ಬರ್?

ಮನೆಯಲ್ಲಿ ಮಾಡಿದ ಹೆಚ್ಚಿನ ಪ್ಯಾಡ್‌ಗಳು ಹಾಳಾಗುವುದು ಇಲ್ಲೇ. ಲೆಕ್ಕ ಹಾಕಿ ನೋಡಿ. ಹೊರ ವ್ಯಾಸ 130 ಮಿ.ಮೀ., ಒಳ ವ್ಯಾಸ 90 ಮಿ.ಮೀ. ಇರುವ ಬಳೆಯ ಮೈ ಸುಮಾರು 69 ಚದರ ಸೆಂ.ಮೀ. ಜನ ಕೂತಾಗ ಒಂದು ಸ್ಪ್ರಿಂಗಿನ ಮೇಲೆ 300 ಕೆ.ಜಿ. ಭಾರ ಅಂದುಕೊಂಡರೆ, ಚದರ ಸೆಂ.ಮೀ.ಗೆ ನಾಲ್ಕೂ ಚಿಲ್ಲರೆ ಕೆ.ಜಿ. ಬಿದ್ದಂತಾಯಿತು. ಇದು ಏನೂ ಅಲ್ಲ. ಆದರೆ ಸ್ಪ್ರಿಂಗ್ ಇಡೀ ಬಳೆಯ ಮೇಲೆ ಕೂರುವುದಿಲ್ಲ. ದುಂಡನೆಯ ತಂತಿ ತಾಗುವುದು 6 ಮಿ.ಮೀ. ಅಗಲದ ಗೆರೆಯಲ್ಲಿ, ಅದೂ ಮುಕ್ಕಾಲು ಸುತ್ತು ಮಾತ್ರ. ಆ ಗೆರೆಯಲ್ಲಿ ಒತ್ತಡ ಚದರ ಸೆಂ.ಮೀ.ಗೆ 19 ಕೆ.ಜಿ. ಆಸುಪಾಸಿಗೆ ಏರುತ್ತದೆ. ಗುಂಡಿಗೆ ಬಿದ್ದಾಗ ಅದರ ಎರಡು ಪಟ್ಟು. ಹವಾಯಿ ಚಪ್ಪಲಿಯ ಅಟ್ಟೆ, ಯೋಗಾ ಮ್ಯಾಟು, ಟ್ಯೂಬಿನ ತುಂಡು, ಇವೆಲ್ಲ ಒಂದೇ ವಾರದಲ್ಲಿ ಕಾಗದವಾಗುವುದು ಈ ಕಾರಣಕ್ಕೆ.

ಬೇಕಾದದ್ದು ಗಟ್ಟಿತನ ಅಳೆಯುವ ಶೋರ್ ಎ ಮಾನದಲ್ಲಿ 60ರಿಂದ 70 ಇರುವ ರಬ್ಬರ್. ಅಳೆಯುವ ಮೀಟರ್ ಇಲ್ಲದಿದ್ದರೆ ಕಾರ್ ಟಯರಿನ ಮೈಯನ್ನು ಉಗುರಿನಿಂದ ಒತ್ತಿ ಹೋಲಿಸಿ. ಅಷ್ಟೇ ಗಟ್ಟಿ ಇದ್ದರೆ ಸಾಕು. ನಮ್ಮ ಕಡೆ ಸುಲಭಕ್ಕೆ ಸಿಗುವ ಒಳ್ಳೆಯ ಮಾಲು ಎಂದರೆ ಕನ್ವೇಯರ್ ಬೆಲ್ಟಿನ ತುಂಡು. ಗುಜರಿಯಲ್ಲಿ, ಜಲ್ಲಿ ಕ್ರಷರ್‌ಗಳ ಬಳಿ, ಬಳ್ಳಾರಿ ಸಂಡೂರಿನಂಥ ಗಣಿ ಸೀಮೆಯಲ್ಲಿ ಕೇಳಿ ನೋಡಿ. ಒಳಗೆ ಬಟ್ಟೆಯ ಪದರ ಇರುವುದರಿಂದ ತಂತಿ ಅದನ್ನು ಸೀಳಿಕೊಂಡು ಹೋಗುವುದಿಲ್ಲ. ಒಳಗೆ ಉಕ್ಕಿನ ತಂತಿ ಇರುವ ಬೆಲ್ಟನ್ನೂ ರೇಡಿಯಲ್ ಟಯರಿನ ತುಂಡನ್ನೂ ಮುಟ್ಟಬೇಡಿ. ಕತ್ತರಿಸಿದ ಅಂಚಿನಿಂದ ತಂತಿ ಹೊರಬಂದು ಸೀಟಿನ ಪೇಂಟ್ ಕೆರೆಯುತ್ತದೆ.

ಎರಡು ಗಾಲಿಗೆ ಬೇಕಾಗುವ ಸಾಮಾನು: 10 ಮಿ.ಮೀ. ದಪ್ಪದ ಬೆಲ್ಟ್, 150 ಮಿ.ಮೀ. ಚೌಕದ ಎರಡು ತುಂಡು, ತಿದ್ದಲೂ ಮುಂದೆ ಹೇಳುವ ಬೆಣೆ, ಕಂಠಗಳಿಗೂ ಒಂದಿಷ್ಟು ಹೆಚ್ಚಿನ ತುಂಡು, ಫೆವಿಕಾಲ್ ಎಸ್‌ಆರ್ 998ನಂಥ ಕಾಂಟ್ಯಾಕ್ಟ್ ಅಂಟು, 40 ನಂಬರಿನ ಮರಳು ಕಾಗದ, ಹೊಸ ಬ್ಲೇಡ್‌ಗಳು, ಸೋಪು ನೀರು.

ಅಳತೆ

ಹಳೆಯ ರಬ್ಬರ್ ಎಷ್ಟೇ ಹಾಳಾಗಿದ್ದರೂ ಎಸೆಯಬೇಡಿ. ದಪ್ಪವನ್ನು ತಂತಿ ಅದುಮಿದ ಜಾಗದಲ್ಲಿ ಅಳೆದರೆ ತಪ್ಪು ಲೆಕ್ಕ ಸಿಗುತ್ತದೆ. ಅಚ್ಚು ಬೀಳದ ಅಂಚಿನಲ್ಲಿ ಅಳೆಯಿರಿ, ಎರಡೂ ಗಾಲಿಯ ರಬ್ಬರ್ ಹೋಲಿಸಿ. ಪುಡಿಯಾಗಿದ್ದರೆ ಬಾಡಿಯ ಬಟ್ಟಲನ್ನೂ ಸ್ಪ್ರಿಂಗಿನ ಒಳ ಹೊರ ವ್ಯಾಸವನ್ನೂ ಅಳೆದು ಕೆಲಸ ಶುರು ಮಾಡಿ. ಬಳೆ ಬಟ್ಟಲಿನ ಗೋಡೆಗಿಂತ 2 ಮಿ.ಮೀ. ಒಳಗಿರಲಿ. ಅದುಮಿದಾಗ ರಬ್ಬರ್ ಉಬ್ಬುತ್ತದೆ, ಉಬ್ಬಲು ಜಾಗ ಬೇಕು.

ಆಕ್ಸಲ್ ಮೇಲೆ ನೇರ ಕೂತ ಸ್ಪ್ರಿಂಗಿಗೆ ರಬ್ಬರ್ 5 ಮಿ.ಮೀ. ದಪ್ಪವಾದರೆ ಗಾಡಿಯೂ ಅಷ್ಟೇ ಏರುತ್ತದೆ. ಮುಂದಿನ ಗಾಲಿ ಹಿಡಿಯುವ ತೋಳಿನಲ್ಲಿ (ವಿಷ್‌ಬೋನ್) ಸ್ಪ್ರಿಂಗ್ ಅರ್ಧ ದಾರಿಯಲ್ಲಿ ಕೂತಿದ್ದರೆ 5 ಮಿ.ಮೀ.ಗೆ ಗಾಡಿ ಸುಮಾರು 10 ಮಿ.ಮೀ. ಏರುತ್ತದೆ, ಅಲೈನ್‌ಮೆಂಟೂ ಬದಲಾಗುತ್ತದೆ.

ಕತ್ತರಿಸುವುದು

ಬೆಲ್ಟನ್ನು ಪ್ಲೈವುಡ್ ಮೇಲಿಟ್ಟು ನಡುವೆ ಒಂದು ಸ್ಕ್ರೂ ಹಾಕಿ. ಅದೇ ಸ್ಕ್ರೂಗೆ ಮರದ ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿಗೆ ಬ್ಲೇಡ್ ಕಟ್ಟಿದರೆ ದೊಡ್ಡ ಕೈವಾರ ತಯಾರು. ಹೊರ ವೃತ್ತ ಮೊದಲು, ಒಳ ವೃತ್ತ ಆಮೇಲೆ. ಒಳಗಿನದನ್ನು ಮೊದಲು ಕತ್ತರಿಸಿದರೆ ಕೈವಾರಕ್ಕೆ ಕೇಂದ್ರವೇ ಇಲ್ಲ. ಸೋಪು ನೀರು ಬಿಡುತ್ತಾ ಏಳೆಂಟು ಸುತ್ತಿಗೆ ಕತ್ತರಿಸಿ. ಒಂದೇ ಏಟಿಗೆ ಒತ್ತಿದರೆ ಬ್ಲೇಡ್ ವಾಲಿ ಅಂಚು ಓರೆಯಾಗುತ್ತದೆ. ಅರ್ಧ ದಪ್ಪ ಒಂದು ಕಡೆಯಿಂದ, ಉಳಿದರ್ಧ ಮಗುಚಿ ಹಾಕಿ ಕತ್ತರಿಸಿದರೆ ಅಂಚು ನೆಟ್ಟಗಿರುತ್ತದೆ. ಬೆಲ್ಟಿನ ಒಂದು ಮುಖದಲ್ಲಿ ರಬ್ಬರ್ ದಪ್ಪ ಇರುತ್ತದೆ. ಆ ಮುಖ ಸ್ಪ್ರಿಂಗಿನ ಕಡೆಗಿರಲಿ. ಕತ್ತರಿಸಿದ ಅಂಚಿಗೆ ತೆಳ್ಳಗೆ ಅಂಟು ಬಳಿಯಿರಿ, ಇಲ್ಲವಾದರೆ ಬಟ್ಟೆಯ ಪದರ ಮಳೆನೀರು ಹೀರಿ ಬಿಚ್ಚಿಕೊಳ್ಳುತ್ತದೆ.

ಇನ್ನು ಮುಖ್ಯವಾದ ಕೆಲಸ: ತಂತಿಯ ಮೂತಿ, ಅಂದರೆ ಸ್ಪ್ರಿಂಗಿನ ತಂತಿ ಮುಗಿಯುವ ಕತ್ತರಿಸಿದ ತುದಿ. ಸ್ಪ್ರಿಂಗಿನ ತುದಿಯನ್ನು ಚಪ್ಪಟೆಯಾಗಿ ಅರೆದಿದ್ದರೆ ಬರೀ ಬಳೆ ಸಾಕು. ಬಾಡಿಯ ಸೀಟಿನಲ್ಲೇ ತಗಡು ಸುತ್ತಾಗಿ ಏರುತ್ತಾ ಹೋಗಿದ್ದರೂ ಸಾಕು. ಆದರೆ ಸೀಟು ಚಪ್ಪಟೆ, ತಂತಿ ಮಾತ್ರ ಅರೆಯದೆ ಹಾಗೇ ಕತ್ತರಿಸಿದ್ದು ಎಂದಾದರೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ತಂತಿ ತನ್ನ ದಪ್ಪದಷ್ಟು, ಅಂದರೆ 12 ಮಿ.ಮೀ. ಆಸುಪಾಸು, ರಬ್ಬರಿನಿಂದ ದೂರ ಸರಿದಿರುತ್ತದೆ. ಭಾರವೆಲ್ಲ ಮೂತಿಯ ಹತ್ತಿರ ಬಿದ್ದು ರಬ್ಬರ್ ಅಲ್ಲೇ ಕತ್ತರಿಸಿಹೋಗುತ್ತದೆ. ಇದಕ್ಕೆ ಬೆಲ್ಟಿನಿಂದಲೇ 20 ಮಿ.ಮೀ. ಅಗಲದ ಪಟ್ಟಿ ತೆಗೆದು, ಬೆಣೆಯಂತೆ ಸೊನ್ನೆಯಿಂದ 10 ಮಿ.ಮೀ.ವರೆಗೆ ಅರೆದು, ಬಳೆಯ ಕೊನೆಯ ಅರ್ಧ ಸುತ್ತಿಗೆ ಅಂಟಿಸಿ. ಬೆಣೆಯ ದಪ್ಪ ತುದಿಗೂ ತಂತಿಯ ಮೂತಿಗೂ ನಡುವೆ 3ರಿಂದ 5 ಮಿ.ಮೀ. ಬಿಡಿ. ಅದೇ ಸ್ಪ್ರಿಂಗ್ ತಿರುಗದಂತೆ ತಡೆಯುವ ಮೆಟ್ಟಿಲೂ ಆಗುತ್ತದೆ. ಅರೆಯುವಾಗ ಹೊಗೆ ಬರುತ್ತದೆ, ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಮಾಡಿ.

ಸ್ಪ್ರಿಂಗ್ ನಡುವಿಂದ ಜಾರದಿರಲು 10 ಮಿ.ಮೀ. ಎತ್ತರದ ಒಳ ಕಂಠವೂ ಬೇಕು. ಸ್ಪ್ರಿಂಗಿನ ಒಳ ವ್ಯಾಸಕ್ಕೆ ಸಡಿಲವಾಗಿ ಕೂರುವ ಸಣ್ಣ ಬಳೆಯನ್ನು ದೊಡ್ಡದರ ಮೇಲೆ ಅಂಟಿಸಿದರಾಯಿತು. ಎರಡೂ ಮುಖ ಒರಟಾಗಿ ಉಜ್ಜಿ, ಎರಡಕ್ಕೂ ಅಂಟು ಬಳಿದು, 10ರಿಂದ 15 ನಿಮಿಷ ಆರಿಸಿ, ಕೈಗೆ ಅಂಟದಂತಾದ ಮೇಲೆ ಒಮ್ಮೆಲೇ ಒತ್ತಿ. ಹಸಿಯಿದ್ದಾಗಲೇ ಒತ್ತಿದರೆ ಒಳಗಿನ ಆವಿ ಹೋಗಲು ದಾರಿಯಿಲ್ಲದೆ ಪದರ ಬಿಡುತ್ತದೆ.

ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ಪಾಲಿಯುರೆಥೇನನ್ನು ಅಚ್ಚಿಗೆ ಹೊಯ್ದೂ ಮಾಡಬಹುದು. ಶೋರ್ ಎ 80ರದ್ದು ಆರಿಸಿ, ತೂಕದ ಯಂತ್ರದಲ್ಲೇ ಅಳೆದು ಬೆರೆಸಿ. ಮಳೆಗಾಲದಲ್ಲಿ ಬೇಡ. ಗಾಳಿಯ ತೇವಕ್ಕೆ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಪ್ಯಾಡ್ ರಸ್ಕಿನಂತೆ ತೂತಾಗುತ್ತದೆ. ಆ ದ್ರವದಿಂದ ಏಳುವ ಐಸೋಸಯನೇಟ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಅದಕ್ಕೆ ಸಾಲದು. ಎರಡೇ ಪ್ಯಾಡಿಗೆ ಇಷ್ಟು ಉಸಾಬರಿ ಯಾಕೆ ಎನ್ನುವುದು ನಮ್ಮ ಅಭಿಪ್ರಾಯ.

ಕೂರಿಸುವುದು

ಮೊದಲು ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಅಳೆದು ಬರೆದಿಡಿ. ಮುಂದಿನ ಗಾಲಿಗಳಿಗೆ ಎರಡೂ ಬದಿಯಿಂದ ಕಲ್ಲು ಕೊಡಿ. 118ಎನ್‌ಇಯಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದೂ ಹಿಂದಿನ ಗಾಲಿಯನ್ನೇ, ಗೇರ್ ಹಿಡಿಯುವುದೂ ಹಿಂದಿನದನ್ನೇ. ಅವು ಮೇಲೆದ್ದಾಗ ಗಾಡಿಗೆ ಕಲ್ಲು ಬಿಟ್ಟರೆ ಗತಿಯಿಲ್ಲ. ಬಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ ಅಡಿಗೆ ಟ್ರಾಲಿ ಜಾಕ್ ಇಡಿ. ಇಟ್ಟಿಗೆ ಪೇರಿಸುವುದು ಬೇಡ.

ಗಾಲಿ ಬಿಚ್ಚಿ, ಎರಡೂ ಶಾಕ್ ಅಬ್ಸಾರ್ಬರಿನ ಕೆಳ ಬೋಲ್ಟ್ ತೆಗೆಯಿರಿ, ಆಕ್ಸಲ್ ಎಡಬಲಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡಿನ ಒಂದು ತುದಿ ಬಿಚ್ಚಿ. ಹಿಂದಿನ ಬ್ರೇಕಿನ ಪ್ರೆಷರ್ ರೆಗ್ಯುಲೇಟರಿಗೆ ಆಕ್ಸಲ್‌ನಿಂದ ಕಡ್ಡಿ ಹೋಗಿದ್ದರೆ ಅದನ್ನೂ ಬಿಡಿಸಿ. ಶಾಕ್ ಬಿಚ್ಚಿದ ಮೇಲೆ ಆಕ್ಸಲನ್ನು ಹಿಡಿದಿರುವುದು ಜಾಕ್ ಒಂದೇ. ಜಾರಿದರೆ ಭಾರವೆಲ್ಲ ಬ್ರೇಕ್ ಹೋಸಿನ ಮೇಲೆ ಬೀಳುತ್ತದೆ. ಹೋಸನ್ನು ನೋಡುತ್ತಲೇ ನಿಧಾನ ಇಳಿಸಿ. ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಮುಂದಿನ ಸ್ಪ್ರಿಂಗ್ ಹೀಗೆ ಬರುವುದಿಲ್ಲ. ಅದು ಒತ್ತಿಟ್ಟ ಶಕ್ತಿ, ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ.

ಬಟ್ಟಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ತೆಗೆದು, ರೆಡ್ ಆಕ್ಸೈಡ್ ಬಳಿದು, ಪೂರ್ತಿ ಒಣಗಿಸಿ. ರಬ್ಬರಿಗೆ ಗ್ರೀಸು, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಉಬ್ಬಿ ಮೆತ್ತಗಾಗಿ ಹೊರಕ್ಕೆ ತೆವಳುತ್ತದೆ. ಬಿಗಿ ಇದ್ದರೆ ಸೋಪು ನೀರು ಸಾಕು. ಮೂತಿ ಮೆಟ್ಟಿಲಿನ ಎದುರು ಬಂದಿದೆಯೇ ನೋಡಿ ಆಕ್ಸಲ್ ಎತ್ತಿ. ಪ್ಯಾನ್‌ಹಾರ್ಡ್ ರಾಡಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವುದು ಗಾಡಿ ನೆಲಕ್ಕಿಳಿದ ಮೇಲೆಯೇ. ಆಕ್ಸಲ್ ತೂಗಾಡುವಾಗ ಬಿಗಿದರೆ ರಾಡಿನ ತುದಿಯ ರಬ್ಬರ್ ಬುಶ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಮತ್ತೆ ಎತ್ತರ ಅಳೆಯಿರಿ. ಎಡಬಲದ ವ್ಯತ್ಯಾಸ ಮೊದಲಿಗಿಂತ 5 ಮಿ.ಮೀ. ಹೆಚ್ಚಿದ್ದರೆ ಒಂದು ಪ್ಯಾಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸ್ಪ್ರಿಂಗ್ ಮೆಟ್ಟಿಲ ಮೇಲೆ ಹತ್ತಿದೆ. ಹಂಪ್ ದಾಟುವಾಗ ಟಕ್ ಎನ್ನುವ ಸದ್ದು ಇನ್ನೂ ಉಳಿದಿದ್ದರೆ ರಬ್ಬರನ್ನು ಬೈಯಬೇಡಿ, ಶಾಕ್ ಮತ್ತು ಪ್ಯಾನ್‌ಹಾರ್ಡ್ ಬುಶ್ ನೋಡಿ. 500 ಕಿ.ಮೀ. ಆದ ಮೇಲೆ ಟಾರ್ಚ್ ಹಿಡಿದು ತಂತಿಯ ಮೂತಿಯ ಜಾಗ ಪರೀಕ್ಷಿಸಿ. ನುಣುಪಾದ ತಗ್ಗು ಬಿದ್ದಿದ್ದರೆ ಸರಿ. ಚೂಪಾದ ಗೆರೆಯಂತೆ ಸೀಳಿದ್ದರೆ ಬೆಣೆ ಸಾಲದಾಗಿದೆ, ಬಿಚ್ಚಿ ಉದ್ದ ಮಾಡಬೇಕು.