ಯಾರ ಪಕ್ಕ ಇಟ್ಟು ನೋಡಿದ್ರು? – ಹೆಲ್ತ್ ಸುದ್ದಿ ಡೆಸ್ಕ್‌ನಲ್ಲಿ ನನ್ನ ಅನುಭವ

2024ರ ಮೇ ತಿಂಗಳು. ರಾತ್ರಿ ಒಂಬತ್ತೂವರೆ ಆಗಿತ್ತು, ಒಳಪುಟದಲ್ಲಿ ಮೂರು ಕಾಲಂ ಜಾಗ ಖಾಲಿ ಇತ್ತು, ಆಗ ಏಜೆನ್ಸಿ ಕಾಪಿ ಬಂತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದವರು ಕೋವ್ಯಾಕ್ಸಿನ್ ಹಾಕಿಸ್ಕೊಂಡ 926 ಜನರನ್ನ ಒಂದು ವರ್ಷ ಫಾಲೋ ಮಾಡಿದ್ರು, ಸುಮಾರು ಮೂರನೇ ಒಂದು ಭಾಗದವರಿಗೆ ವಿಶೇಷ ನಿಗಾ ಇಡಬೇಕಾದ ಪಟ್ಟಿಯ ಏನೋ ಒಂದು ತೊಂದರೆ ಕಾಣಿಸ್ಕೊಂಡಿತ್ತು ಅಂತ ಸುದ್ದಿ. ಅದಕ್ಕೆ ಸ್ವಲ್ಪ ದಿನದ ಹಿಂದಷ್ಟೇ ಕೋವಿಶೀಲ್ಡ್‌ನ ಅಡ್ಡಪರಿಣಾಮದ ವಿಷಯ ಲಂಡನ್ ಕೋರ್ಟಿಂದ ಬಂದು ಊರೆಲ್ಲಾ ಅದೇ ಮಾತು. ನಾನು ಕಾಪಿ ಕನ್ನಡಕ್ಕೆ ಮಾಡಿ ಹೆಡ್ಡಿಂಗ್ ಹಾಕ್ದೆ: ‘ಕೋವ್ಯಾಕ್ಸಿನ್‌ನಿಂದ ಮೂವರಲ್ಲಿ ಒಬ್ಬರಿಗೆ ಅಡ್ಡಪರಿಣಾಮ’. ಇಪ್ಪತ್ತು ನಿಮಿಷದ ಕೆಲಸ. ಮೂಲ ಪೇಪರ್ ತೆಗೆದು ನೋಡ್ಲಿಲ್ಲ. ಡೆಸ್ಕ್‌ಗೆ ಸೇರಿ ಹನ್ನೊಂದು ವರ್ಷ ಆಗಿತ್ತು, ಅಲ್ಲೀವರೆಗೂ ಒಂದೇ ಒಂದು ಸಂಶೋಧನಾ ಪೇಪರನ್ನ ಪೂರ್ತಿ ಓದಿರ್ಲಿಲ್ಲ ಅನ್ನೋದು ನಿಜ.

ಕೆಲವೇ ದಿನಕ್ಕೆ ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಆ ಪೇಪರ್ ಬರೆದವರಿಗೂ ಜರ್ನಲ್‌ಗೂ ಆಕ್ಷೇಪ ಪತ್ರ ಬರೀತು. ಸರ್ಕಾರಿ ಸಂಸ್ಥೆ ಅಲ್ವಾ, ಲಸಿಕೆ ಪರ ಮಾತಾಡೇ ಆಡುತ್ತೆ ಅಂತ ನಂಗೂ ಮೊದ್ಲು ಅನ್ನಿಸ್ತು, ಆದ್ರೆ ಮನಸ್ಸಲ್ಲಿ ಕೊರೀತಾನೇ ಇತ್ತು, ಅದಕ್ಕೆ ಭಾನುವಾರ ಮನೇಲಿ ಕೂತು ಪೇಪರ್ ತೆಗೆದು ಓದಿದೆ, ಡಿಕ್ಷನರಿ ಪಕ್ಕದಲ್ಲೇ ಇಟ್ಕೊಂಡು. ಲಸಿಕೆ ಹಾಕಿಸ್ಕೊಂಡ ಒಂದು ವರ್ಷದ ನಂತರ ಫೋನ್ ಮಾಡಿ ‘ಏನಾದ್ರೂ ಆಗಿತ್ತಾ’ ಅಂತ ಕೇಳಿದ್ದಾರೆ. ಅವ್ರು ಹೇಳಿದ್ದು ನಿಜಾನಾ ಅಂತ ಆಸ್ಪತ್ರೆ ದಾಖಲೆ ಜೊತೆ ತಾಳೆ ನೋಡಿಲ್ಲ. ಅತೀ ಹೆಚ್ಚು ಜನ ಹೇಳಿದ ತೊಂದರೆ ಯಾವುದು ಅಂತ ಟೇಬಲ್‌ನಲ್ಲಿ ಹುಡುಕಿದ್ರೆ ಮೂಗು-ಗಂಟಲಿನ ವೈರಲ್ ಸೋಂಕು, ಅಂದ್ರೆ ನೆಗಡಿ, ಕೆಮ್ಮು, ಗಂಟಲುನೋವು! ಒಂದು ಇಡೀ ವರ್ಷದಲ್ಲಿ ನೆಗಡಿ ಆಗದೇ ಇರೋರು ಎಷ್ಟು ಜನ ಸಿಗ್ತಾರೆ? ಲಸಿಕೆ ಹಾಕಿಸ್ಕೊಳ್ದೇ ಇರೋ 926 ಜನಕ್ಕೂ ಅದೇ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದ್ರೆ ಎಷ್ಟು ಜನ ಹೌದು ಅಂತಿದ್ರು? ಅದು ಇಡೀ ಪೇಪರ್‌ನಲ್ಲಿ ಎಲ್ಲೂ ಇಲ್ಲ, ಯಾಕಂದ್ರೆ ಅಂಥ ಗುಂಪೇ ಇರ್ಲಿಲ್ಲ. ಐಸಿಎಂಆರ್ ಪತ್ರದ ಮುಖ್ಯ ಆಕ್ಷೇಪಗಳಲ್ಲಿ ಇದೂ ಒಂದು. ಸೆಪ್ಟೆಂಬರ್‌ನಲ್ಲಿ ಜರ್ನಲ್‌ನವರು ಆ ಪೇಪರ್ ವಾಪಸ್ ತಗೊಂಡ್ರು. ಅಷ್ಟೊತ್ತಿಗೆ ನನ್ನ ಹೆಡ್ಡಿಂಗಿನ ಫೋಟೋ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೇ ಎರಡು ಸಲ ಬಂದಿತ್ತು. ವಾಪಸ್ ತಗೊಂಡ ಸುದ್ದಿ ನಮ್ಮ ಪೇಪರ್‌ನಲ್ಲಿ ಬರ್ಲೇ ಇಲ್ಲ.

ಲಸಿಕೆಗೆ ತೊಂದರೇನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಆಸ್ಟ್ರಾಜೆನೆಕಾ ಲಸಿಕೆ (ನಮ್ಮಲ್ಲಿ ಅದೇ ಕೋವಿಶೀಲ್ಡ್) ನಂತರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟೋದೂ ಪ್ಲೇಟ್‌ಲೆಟ್ ಇಳಿಯೋದೂ ಒಟ್ಟಿಗೆ ಆಗುತ್ತೆ ಅನ್ನೋದು 2021ರಲ್ಲೇ ಗೊತ್ತಾಗಿದ್ದು, ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಏಪ್ರಿಲ್‌ನಲ್ಲೇ ಅದನ್ನ ಅತಿ ವಿರಳ ಅಡ್ಡಪರಿಣಾಮ ಅಂತ ಪಟ್ಟಿಗೆ ಸೇರಿಸ್ತು. ಅದು ಹೇಗೆ ಗೊತ್ತಾಯ್ತು ಅಂದ್ರೆ ಮಾಮೂಲಿ ದಿನಗಳಲ್ಲಿ ಇಂಥ ಕೇಸು ಎಷ್ಟು ಬರುತ್ತೆ, ಈಗ ಎಷ್ಟು ಬರ್ತಿದೆ ಅಂತ ಪಕ್ಕ ಪಕ್ಕ ಇಟ್ಟು ನೋಡಿದ್ರಿಂದ. ಹೋಲಿಕೆ ಮಾಡಿದ್ರೇನೇ ನಿಜವಾದ ಅಪಾಯವೂ ಕಾಣೋದು.

ನನ್ನ ಹೆಡ್ಡಿಂಗಲ್ಲಿ ಎರಡು ತಪ್ಪಿತ್ತು, ಎರಡೂ ಕನ್ನಡದ್ದೇ ತಪ್ಪು, ಸಂಶೋಧನೇದಲ್ಲ. ಒಂದು ‘ಅಡ್ಡಪರಿಣಾಮ’. ಮೂಲದಲ್ಲಿ ಇದ್ದಿದ್ದು ಅಡ್ವರ್ಸ್ ಇವೆಂಟ್, ಅಂದ್ರೆ ಆ ಅವಧಿಯಲ್ಲಿ ಆದ ಯಾವುದೇ ಆರೋಗ್ಯದ ತೊಂದರೆ, ಲಸಿಕೆಗೆ ಸಂಬಂಧ ಇರ್ಲಿ ಬಿಡ್ಲಿ. ಅಡ್ಡಪರಿಣಾಮ ಅಂದಾಕ್ಷಣ ಲಸಿಕೇನೇ ಮಾಡಿದ್ದು ಅಂತ ತೀರ್ಪು ಕೊಟ್ಟ ಹಾಗೆ. ಇನ್ನೊಂದು ‘ನಿಂದ’. ಆ ಪ್ರತ್ಯಯ ಬಹಳ ಡೇಂಜರ್ ಕಣ್ರೀ! ‘ಲಸಿಕೆ ನಂತರ’ ಅನ್ನೋದಕ್ಕೂ ‘ಲಸಿಕೆಯಿಂದ’ ಅನ್ನೋದಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ, ಆದ್ರೆ ಕಾಲಂ ಅಗಲ ನೋಡ್ಕೊಂಡು ಹೆಡ್ಡಿಂಗ್ ಹೊಂದಿಸುವಾಗ ‘ಯಿಂದ’ ಚಿಕ್ಕದಾಗಿ ಕೂರುತ್ತೆ, ಅದನ್ನೇ ಹಾಕ್ತೀವಿ. ‘ಕಾಫಿಯಿಂದ ಆಯಸ್ಸು ಹೆಚ್ಚಳ’, ‘ಮೊಬೈಲ್‌ನಿಂದ ನಿದ್ರಾಹೀನತೆ’, ಎಲ್ಲಾ ಹಿಂಗೇ ಆಗಿದ್ದು. ಕಾಫಿ ಕುಡಿಯೋರು ಜಾಸ್ತಿ ದಿನ ಬದುಕಿದ್ದಾರೆ ಅಂತಷ್ಟೇ ಪೇಪರ್ ಹೇಳಿರುತ್ತೆ, ಕಾಫಿಯಿಂದಲೇ ಬದುಕಿದ್ರಾ ಅನ್ನೋದು ಬೇರೆ ಪ್ರಶ್ನೆ. ಈಗ ನಾನು ಯಾವ ಕಾಪಿ ಬಂದ್ರೂ ಮೊದ್ಲು ಈ ‘ಇಂದ’ಗಳಿಗೆಲ್ಲಾ ಪೆನ್ನಲ್ಲಿ ಸುತ್ತು ಹಾಕ್ತೀನಿ, ಒಂದೊಂದಕ್ಕೂ ಆಧಾರ ಇದ್ಯಾ ಅಂತ ನೋಡಿ ಇಲ್ಲಾಂದ್ರೆ ‘ನಂತರ’, ‘ಇರುವವರಲ್ಲಿ’ ಅಂತ ತಿದ್ದುತೀನಿ. ಹೆಡ್ಡಿಂಗ್ ಸಪ್ಪೆ ಆಗುತ್ತೆ ಅಂತ ಚೀಫ್ ಸಬ್ ಎಡಿಟರ್ ಜೊತೆ ಎಷ್ಟೋ ಸಲ ಜಗಳ ಆಗಿದೆ, ಆಗ್ಲಿ.

ಆಮೇಲೆ ಶುರು ಮಾಡಿದ ಅಭ್ಯಾಸ ಪಬ್‌ಮೆಡ್, ವೈದ್ಯಕೀಯ ಸಂಶೋಧನಾ ಪೇಪರ್‌ಗಳನ್ನ ಹುಡುಕೋ ವೆಬ್‌ಸೈಟು. ಪೂರ್ತಿ ಪೇಪರ್ ದುಡ್ಡು ಕೊಡ್ದೆ ಸಿಗದಿದ್ರೂ ಸಾರಾಂಶ ಸಿಗುತ್ತೆ, ಫ್ರೀ. ನಾನು ಅದರ ಕೊನೆ ಸಾಲಿಂದ ಶುರು ಮಾಡಲ್ಲ, ಎಲ್ರೂ ಅಲ್ಲಿಗೇ ಹಾರ್ತಾರೆ. ನಡುವಿನ ಭಾಗದಲ್ಲಿ ಎಷ್ಟು ಜನ, ಯಾರ ಜೊತೆ ಹೋಲಿಕೆ, ಯಾವ ಗುಂಪಿಗೆ ಯಾರು ಅಂತ ಚೀಟಿ ಎತ್ತಿದ ಹಾಗೆ ಆರಿಸಿದ್ರಾ ಅಥವಾ ಅವರವರ ಇಷ್ಟಕ್ಕೆ ಬಿಟ್ಟಿದ್ರಾ, ಕೊನೆಗೆ ಅಳೆದಿದ್ದು ಏನು, ಇಷ್ಟು ನೋಟ್‌ಬುಕ್‌ನಲ್ಲಿ ಬರ್ಕೋತೀನಿ. ಇಲಿ ಮೇಲೋ ಲ್ಯಾಬಿನ ಜೀವಕೋಶದ ಮೇಲೋ ಮಾಡಿದ್ರೆ ಅದು ಹೆಡ್ಡಿಂಗಲ್ಲೇ ಬರ್ಬೇಕು, ಇಲ್ಲಾಂದ್ರೆ ಸುದ್ದೀನೇ ಬೇಡ ಅಂತೀನಿ. ನಮ್ಮ ದೇಶದಲ್ಲಿ ಜನರ ಮೇಲೆ ಮಾಡಿದ ಔಷಧ ಪ್ರಯೋಗ, ಅಂದ್ರೆ ಟ್ರಯಲ್ ಆಗಿದ್ರೆ ಸಿಟಿಆರ್‌ಐ ಅಂತ ಸರ್ಕಾರದ ರಿಜಿಸ್ಟ್ರಿ ಇದೆ, ಯಾರು ಬೇಕಾದ್ರೂ ಹುಡುಕಬಹುದು. 2020ರ ಜೂನ್‌ನಲ್ಲಿ ಪತಂಜಲಿಯವರು ಕೊರೊನಿಲ್ ಬಿಟ್ಟಾಗ ಕೋವಿಡ್ ಏಳು ದಿನಕ್ಕೆ ನೂರಕ್ಕೆ ನೂರು ಗುಣ ಅಂತ ಹೇಳಿದ್ರಲ್ಲ, ಆ ಟ್ರಯಲ್‌ನ ನೋಂದಣಿ ಅಲ್ಲೇ ಇತ್ತು. ತೀವ್ರವಾಗಿ ಹಾಸಿಗೆ ಹಿಡಿದವರನ್ನ ಅದಕ್ಕೆ ಸೇರಿಸಿರ್ಲಿಲ್ಲ. ಅಂಥ ಸಣ್ಣ ಲಕ್ಷಣ ಇರೋರಲ್ಲಿ ಬಹುಪಾಲು ಜನ ಔಷಧ ಇಲ್ದೇನೂ ಹುಷಾರಾಗ್ತಾರೆ ಅನ್ನೋದು ಗೊತ್ತಿದ್ರೆ ಆ ನೂರಕ್ಕೆ ನೂರು ಬೇರೆ ಥರಾನೇ ಕಾಣುತ್ತೆ.

ದೊಡ್ಡ ಜರ್ನಲ್ ಹೆಸರು ನೋಡಿ ನಂಬೋದನ್ನೂ ಬಿಟ್ಟೆ. ಮಲೇರಿಯಾ ಔಷಧ ಹೈಡ್ರಾಕ್ಸಿಕ್ಲೋರೊಕ್ವಿನ್ ತಗೊಂಡ ಕೋವಿಡ್ ರೋಗಿಗಳಲ್ಲಿ ಸಾವು ಜಾಸ್ತಿ ಅಂತ 96 ಸಾವಿರ ರೋಗಿಗಳ ಲೆಕ್ಕ ಹೇಳಿ ಲ್ಯಾನ್ಸೆಟ್‌ನಲ್ಲಿ ಬಂದಿದ್ದು 2020ರ ಮೇ 22ಕ್ಕೆ, ಅಷ್ಟು ಆಸ್ಪತ್ರೆಗಳ ದತ್ತಾಂಶ ಎಲ್ಲಿಂದ ಬಂತು ಅಂತ ಕೇಳಿದ್ರೆ ತೋರಿಸೋಕೆ ಆಗ್ದೆ ಜೂನ್ 4ಕ್ಕೆ ವಾಪಸ್. ಎರಡು ವಾರಾನೂ ಇಲ್ಲ, ಅಷ್ಟರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಟ್ರಯಲ್‌ನ ಆ ಔಷಧದ ಭಾಗಾನ ತಾತ್ಕಾಲಿಕವಾಗಿ ನಿಲ್ಲಿಸಿತ್ತು.

ಆದ್ರೆ ನನಗೆ ಜಾಸ್ತಿ ನೋವಾಗೋದು ಸುಳ್ಳು ಸಂಶೋಧನೆ ಬಗ್ಗೆ ಅಲ್ಲ, ಒಳ್ಳೇ ಸಂಶೋಧನೆ ಅರ್ಧ ಕತ್ತರಿಸಿ ಬಂದಿದ್ದರ ಬಗ್ಗೆ. ಬ್ರಿಟನ್ನಿನ ರಿಕವರಿ ಟ್ರಯಲ್ ಅದೇ ಜೂನ್‌ನಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೆರಾಯ್ಡ್ ಕೊಟ್ಟು ನೋಡಿದ ಫಲಿತಾಂಶ ಕೊಡ್ತು. ಚೀಟಿ ಎತ್ತಿದ ಹಾಗೇ ಹಂಚಿದ್ದು, ಔಷಧ ತಗೊಂಡವರು 2,104 ಜನ, ಮಾಮೂಲಿ ಚಿಕಿತ್ಸೆಯವರು 4,321. ವೆಂಟಿಲೇಟರ್ ಮೇಲಿದ್ದವರಲ್ಲಿ 28 ದಿನದೊಳಗಿನ ಸಾವು 41.4 ಪರ್ಸೆಂಟಿಂದ 29.3ಕ್ಕೆ ಇಳೀತು. ಅಗ್ಗದ, ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗೋ ಔಷಧ. ನಿಜಕ್ಕೂ ಸಂಭ್ರಮ ಪಡೋ ಸುದ್ದಿ! ಅದೇ ಪೇಪರ್‌ನಲ್ಲಿ ಇನ್ನೊಂದು ಸಾಲು ಇದೆ. ಆಕ್ಸಿಜನ್ ಬೇಕಾಗದೇ ಇದ್ದವರಿಗೆ ಲಾಭ ಕಾಣ್ಲಿಲ್ಲ, ಅವ್ರಲ್ಲಿ ಔಷಧ ತಗೊಂಡವರ ಸಾವು 17.8, ತಗೊಳ್ದೇ ಇದ್ದವರದ್ದು 14.0. ಆ ವ್ಯತ್ಯಾಸ ಆಕಸ್ಮಿಕಾನೂ ಇರಬಹುದು, ಹಾನಿ ಖಚಿತ ಅಂತ ಅಲ್ಲ, ಆದ್ರೆ ಉಪಯೋಗ ಅಂತೂ ಇಲ್ಲ. ನಮ್ಮ ಪುಟದಲ್ಲಿ ಜಾಗ ಸಾಲ್ದೆ ಕೊನೆ ಪ್ಯಾರಾ ಕತ್ತರಿಸಿದ್ವಿ, ಈ ಸಾಲು ಆ ಪ್ಯಾರಾದಲ್ಲಿತ್ತು. ಮುಂದಿನ ವರ್ಷ ಎರಡನೇ ಅಲೆ ಹೊತ್ತಿಗೆ ನಮ್ಮೂರ ಕಡೆ ಜ್ವರ ಬಂದ ಮೊದಲ ದಿನಾನೇ ಸ್ಟೆರಾಯ್ಡ್ ನುಂಗಿದೋರನ್ನ ಕಣ್ಣಾರೆ ನೋಡಿದೆ, ಶುಗರ್ ಇರೋರೂ ತಗೊಂಡ್ರು. ಆಮೇಲೆ ಬ್ಲ್ಯಾಕ್ ಫಂಗಸ್ ಬಂದಾಗ ಡಾಕ್ಟರುಗಳು ಹೇಳಿದ್ದೇನು, ಹಿಡಿತ ಇಲ್ಲದ ಶುಗರ್ ಮತ್ತು ಬೇಕಾಬಿಟ್ಟಿ ಸ್ಟೆರಾಯ್ಡ್. ಇದಕ್ಕೆಲ್ಲಾ ನಮ್ಮ ಒಂದು ಪ್ಯಾರಾ ಕಾರಣ ಅಂತ ಹೇಳೋಕೆ ಆಗಲ್ಲ, ನನ್ನ ‘ಇಂದ’ ನಿಯಮ ನಂಗೂ ಅನ್ವಯ. ಆದ್ರೂ ಆ ಪ್ಯಾರಾ ಕತ್ತರಿಸಿದ ಕೈ ನಂದೇ. ಈಗ ‘ಯಾರಿಗೆ ಉಪಯೋಗ ಇಲ್ಲ’ ಅನ್ನೋ ಸಾಲು ಇದ್ರೆ ಅದನ್ನ ಎತ್ತಿ ಎರಡನೇ ಪ್ಯಾರಾಕ್ಕೆ ಹಾಕ್ತೀನಿ, ಕೊನೇಲಿ ಬಿಡೋದೇ ಇಲ್ಲ.

ಪರ್ಸೆಂಟ್ ವಿಷಯ ಬೇಗ ಹೇಳಿಬಿಡ್ತೀನಿ. ‘ಅಪಾಯ ದುಪ್ಪಟ್ಟು’ ಅಂತ ಬಂದ್ರೆ ಎಷ್ಟಿದ್ದಿದ್ದು ಎಷ್ಟಾಯ್ತು ಅಂತ ಕೇಳ್ಬೇಕು. 1995ರಲ್ಲಿ ಬ್ರಿಟನ್ನಲ್ಲಿ ಹೊಸ ಗರ್ಭನಿರೋಧಕ ಮಾತ್ರೆಗೆ ರಕ್ತ ಹೆಪ್ಪುಗಟ್ಟೋ ಅಪಾಯ ದುಪ್ಪಟ್ಟು ಅಂತ ಎಚ್ಚರಿಕೆ ಬಂತು, ಅದು ನಿಜಾನೇ, ಏಳು ಸಾವಿರಕ್ಕೆ ಒಬ್ಬರಿಂದ ಏಳು ಸಾವಿರಕ್ಕೆ ಇಬ್ಬರು. ಹೆದರಿ ಎಷ್ಟೋ ಹೆಣ್ಮಕ್ಕಳು ಮಾತ್ರೆ ಬಿಟ್ರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13 ಸಾವಿರ ಗರ್ಭಪಾತ ಹೆಚ್ಚಾಯ್ತು ಅಂತ ಅಂದಾಜು. ‘ಏಳು ಸಾವಿರಕ್ಕೆ ಇಬ್ಬರು’ ಅಂತ ಬರೆದಿದ್ರೆ ಎಷ್ಟು ಜನ ಹೆದರ್ತಿದ್ರು?

ಹಾಸನದ ವಿಷಯ ಹೇಳ್ಲೇಬೇಕು, ಅದು ನಮ್ಮ ಜಿಲ್ಲೆ. 2025ರ ಜೂನ್ ಕೊನೆಗೆ ದಿನಾ ಬೆಳಗಾದ್ರೆ ಇವತ್ತು ಇಬ್ಬರು, ನಿನ್ನೆ ಮೂವರು ಅಂತ ಟಿವಿಯಲ್ಲಿ ಎಣಿಕೆ, ನಲವತ್ತು ದಿನದಲ್ಲಿ ಹೃದಯಾಘಾತಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಾವು ಅಂತ. ಮುಖ್ಯಮಂತ್ರಿಗಳೇ ಲಸಿಕೆ ಮೇಲೆ ಸಂಶಯ ವ್ಯಕ್ತಪಡಿಸಿದ್ರು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ್ಲೇ ಕ್ಯೂ. ನಮ್ಮ ಭಾವ ಹಾಸನದಲ್ಲಿ ಗೂಡ್ಸ್ ಗಾಡಿ ಓಡಿಸ್ತಾರೆ, 43 ವಯಸ್ಸು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ರು. “ನಾನೂ ಎರಡು ಡೋಸ್ ಹಾಕಿಸ್ಕೊಂಡಿದೀನಿ ಕಣಮ್ಮ, ಎದೆ ಹಿಡ್ಕೊಂಡ ಹಾಗೆ ಆಗುತ್ತೆ, ಏನ್ ಮಾಡ್ಲಿ?”

“ಎದೆ ಹಿಡ್ಕೊಂಡ್ರೆ ಮೊದ್ಲು ಇಸಿಜಿ ಮಾಡ್ಸಿ ಭಾವ, ಈಗ್ಲೇ ಹೋಗಿ, ಲಸಿಕೆ ವಿಷಯ ಆಮೇಲೆ ಮಾತಾಡಣ” ಅಂದೆ. ಫೋನಿಟ್ಟು ಹಾಳೆ ತಗೊಂಡು ಕೂತೆ. 2011ರ ಜನಗಣತಿ ಪ್ರಕಾರ ಜಿಲ್ಲೆ ಜನಸಂಖ್ಯೆ ಸುಮಾರು 17.76 ಲಕ್ಷ. ಸಾವಿರಕ್ಕೆ ವರ್ಷಕ್ಕೆ ಆರೇಳು ಸಾವು ಅಂತ ಇಟ್ಕೊಂಡ್ರೆ ನಲವತ್ತು ದಿನಕ್ಕೇ ಸಾವಿರದ ಇನ್ನೂರರ ಆಸುಪಾಸು. ನಮ್ಮ ದೇಶದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಸಾವು ಹೃದಯ, ರಕ್ತನಾಳದ ಕಾಯಿಲೇದು, ಅಂದ್ರೆ ಮುನ್ನೂರು. ಟಿವಿಯವರು ಎಣಿಸಿದ್ದು ಇಪ್ಪತ್ತು ಚಿಲ್ಲರೆ! ಆದ್ರೆ ಅಲ್ಲಿಗೇ ಸಮಾಧಾನ ಮಾಡ್ಕೊಳ್ಳೋ ಹಾಗಿರ್ಲಿಲ್ಲ, ಯಾಕಂದ್ರೆ ಅದರಲ್ಲಿ ಚಿಕ್ಕ ವಯಸ್ಸಿನೋರು ಬಹಳ ಇದ್ರು, ಮುನ್ನೂರರಲ್ಲಿ ಹೆಚ್ಚಿನವರು ವಯಸ್ಸಾದೋರು. ಹಾಗಾಗಿ ಬೇಕಾಗಿದ್ದ ಪ್ರಶ್ನೆ, ಹಿಂದಿನ ವರ್ಷ ಇದೇ ತಿಂಗಳಲ್ಲಿ ಇದೇ ವಯಸ್ಸಿನೋರು ಎಷ್ಟು ಜನ ಹೋಗಿದ್ರು? ಅದನ್ನ ಯಾವ ಚಾನೆಲ್‌ನವರೂ ಕೇಳ್ಲಿಲ್ಲ, ನಮ್ಮ ಜಿಲ್ಲಾ ವರದಿಗಾರನಿಗೆ ನಾನು ಹೇಳಿದ್ರೆ ಅವನೂ ಪಾಪ ಆಸ್ಪತ್ರೆಯಿಂದ ಆಸ್ಪತ್ರೆಗೆ ಓಡ್ತಿದ್ದ.

ಲಸಿಕೆ ಪ್ರಶ್ನೆಗೆ ಅಷ್ಟೊತ್ತಿಗಾಗ್ಲೇ ಒಂದು ಅಧ್ಯಯನ ಇತ್ತು, ಐಸಿಎಂಆರ್ 2023ರಲ್ಲಿ 47 ಆಸ್ಪತ್ರೆಗಳಲ್ಲಿ ಮಾಡಿದ್ದು. 18ರಿಂದ 45 ವಯಸ್ಸಿನ, ಆರೋಗ್ಯವಾಗೇ ಇದ್ದು ಹಠಾತ್ತಾಗಿ ತೀರ್ಕೊಂಡ 729 ಜನ, ಹೋಲಿಕೆಗೆ 2,916 ಜನ. ಆ ಎರಡನೇ ಸಂಖ್ಯೆ ನೋಡಿ ನಂಗೆ ಖುಷಿಯಾಯ್ತು, 729ನ್ನ ನಾಲ್ಕರಿಂದ ಗುಣಿಸಿ ನೋಡಿ. ಸತ್ತ ಒಬ್ಬೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಬಡಾವಣೆಯ ನಾಲ್ಕು ಜನರನ್ನ ಹುಡುಕಿ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಲಸಿಕೆಗೆ ಸಾವಿನ ಅಪಾಯ ಜಾಸ್ತಿ ಅಂತ ಕಾಣ್ಲಿಲ್ಲ. ಕಂಡಿದ್ದು ಬೇರೆ: ಹಿಂದೆ ಕೋವಿಡ್‌ಗೆ ಆಸ್ಪತ್ರೆ ಸೇರಿದ್ದು, ಮನೆಯಲ್ಲಿ ಇಂಥ ಸಾವು ಆಗಿದ್ದು, ಸಾವಿಗೆ 48 ಗಂಟೆಯೊಳಗೆ ವಿಪರೀತ ಕುಡಿದಿದ್ದು ಇಲ್ಲಾ ಮೈಮುರಿಯೋ ವ್ಯಾಯಾಮ ಮಾಡಿದ್ದು. ಈ ಅಧ್ಯಯನಕ್ಕೂ ಮಿತಿ ಇದೆ, ಸತ್ತವರ ಬಗ್ಗೆ ಮನೆಯವರು ನೆನಪಿಂದ ಹೇಳಿದ್ದನ್ನ ನಂಬ್ಬೇಕು, ದುಃಖದಲ್ಲಿರೋರು ಪಕ್ಕದ ಮನೆಯೋರಿಗಿಂತ ಜಾಸ್ತಿ ನೆನಪಿಸ್ಕೋತಾರೆ. ಅದನ್ನೂ ಕಾಪಿಯಲ್ಲಿ ಬರೆದೆ.

ಜುಲೈನಲ್ಲಿ ಜಯದೇವದ ನಿರ್ದೇಶಕರ ನೇತೃತ್ವದ ಸಮಿತಿ ವರದಿ ಬಂತು. ಲೆಕ್ಕಕ್ಕೆ ತಗೊಂಡ 24 ಸಾವಲ್ಲಿ ನಾಲ್ಕು ಹೃದಯದ ಕಾರಣಕ್ಕೆ ಆಗಿದ್ದೇ ಅಲ್ಲ, ಹಿಂದಿನ ಅವಧಿಗೆ ಹೋಲಿಸಿದ್ರೆ ಹಾಸನದಲ್ಲಿ ಹೃದಯದ ಸಾವು ಏರಿಲ್ಲ ಅಂತ. ಈ ಸಲ ನಾನು ಮೊದಲೇ ಹಟ ಹಿಡಿದು ಜಾಗ ಇಡ್ಸಿದ್ದೆ, ಮುಖಪುಟ ಸಿಗ್ಲಿಲ್ಲ, ಜಿಲ್ಲಾ ಪುಟದ ಮೇಲ್ಭಾಗ ಸಿಕ್ತು, ಹೋಲಿಕೆ ಲೆಕ್ಕಕ್ಕೇ ಒಂದು ಬಾಕ್ಸ್.

ಭಾವಂಗೆ ಇಸಿಜಿ ಸರಿ ಇತ್ತು. ಬಿಪಿ 160/100. ಎಷ್ಟು ವರ್ಷದಿಂದ ಇತ್ತೋ, ಅವ್ರು ಅಲ್ಲೀವರೆಗೂ ಒಂದ್ಸಲಾನೂ ನೋಡ್ಸಿರ್ಲಿಲ್ಲ. ಈಗ ಮಾತ್ರೆ ತಗೋತಿದ್ದಾರೆ, ಬೀಡಿ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ, ಅಕ್ಕ ಆ ವಿಷಯಕ್ಕೆ ವಾರಕ್ಕೊಂದ್ಸಲ ನಂಗೆ ಫೋನ್ ಮಾಡ್ತಾಳೆ.